ಹೊಸ ಗಿಟಾರ್, ಹಳೆಯ ಆಂಪ್: ನಾಲ್ಕು ಜೋಡಿಗಳನ್ನು ನುಡಿಸಿ ನೋಡಿದಾಗ

ಈಗ ಜಾಸ್ತಿ ಕಾಣುವ ಜೋಡಿ ಇದು: 1950ರ ದಶಕದ ಆಕಾರದ ಎಲೆಕ್ಟ್ರಿಕ್ ಗಿಟಾರ್, ಅದಕ್ಕೆ ಸಿಕ್ಕಿಸಿದ ಡಿಜಿಟಲ್ ಮಾಡೆಲರ್, ಅಂದರೆ ಆಂಪ್‌ಗಳ (ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್‌ಗಳ) ದನಿಯನ್ನು ಲೆಕ್ಕದಲ್ಲಿ ನಕಲು ಮಾಡುವ ಪೆಟ್ಟಿಗೆ. ಗಿಟಾರಿನ ಮರ, ಬಣ್ಣ, ತಿರುಪು ಎಲ್ಲವೂ ಹಳೆಯ ಕಾಲದ್ದು. ಆಂಪ್ ಮಾತ್ರ ಕಂಪ್ಯೂಟರ್. ನಾನು ಎರಡು ಗಿಟಾರ್, ಎರಡು ಆಂಪ್ ಇಟ್ಟುಕೊಂಡು ನಾಲ್ಕೂ ಜೋಡಿಗಳಲ್ಲಿ ನುಡಿಸಿದೆ. ನನಗೆ ಹಿಡಿಸಿದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ಗಿಟಾರ್ ಹೊಸದಿರಲಿ, ಆಂಪ್ ಹಳೆಯದಿರಲಿ.

ಮೊದಲು ಯಾವುದು ಏನು ಅಂತ ಹೇಳಿಬಿಡುತ್ತೇನೆ. ಹಳೆಯ ಗಿಟಾರ್ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯದು: ಮಹಾಗನಿ ಮೈ, ಮೇಲೆ ಮೇಪಲ್ ಹಲಗೆ, ಎರಡು ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಎರಡು ಸುರುಳಿಯ ಭಾಗ), 628 ಮಿ.ಮೀ. ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ. ಹೊಸದು ಹೆಡ್‌ಸ್ಟಾಕ್, ಅಂದರೆ ಬಿರಡೆಗಳಿರುವ ತಲೆ, ಇಲ್ಲದ್ದು. ಅದರ ಫ್ರೆಟ್‌ಗಳು (ಸ್ವರ ಹಿಡಿಯುವ ಲೋಹದ ಅಡ್ಡಪಟ್ಟಿಗಳು) ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡಿಕೊಂಡಿವೆ, ಸ್ಟೇನ್‌ಲೆಸ್ ಸ್ಟೀಲಿನವು. ಪಿಕಪ್ ಅದರಲ್ಲೂ ಹಂಬಕರ್. ಹಳೆಯ ಆಂಪ್ ಅಂದರೆ ಎರಡು 6ವಿ6 ಪವರ್ ಟ್ಯೂಬ್ (ಗಾಜಿನ ವಾಲ್ವ್), 12 ಇಂಚಿನ ಒಂದು ಸ್ಪೀಕರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುವ 22 ವಾಟ್ ಕಾಂಬೊ. 1963ರಲ್ಲಿ ಬಂದ ಫೆಂಡರ್ ಡಿಲಕ್ಸ್ ರಿವರ್ಬ್ ಸರ್ಕ್ಯೂಟನ್ನೇ ಅನುಸರಿಸಿದ್ದು. ಹೊಸದು ನೆಲದ ಮೇಲಿಡುವ ಮಾಡೆಲರ್, ಜೊತೆಗೆ ಒಂದು ಫುಲ್ ರೇಂಜ್ ಸ್ಪೀಕರ್. ನಾನು ನುಡಿಸಿದವುಗಳ ತಯಾರಕರ ಹೆಸರು ಬೇಡ, ಮಾತು ವಿನ್ಯಾಸದ ಬಗ್ಗೆ.

ಎರಡೂ ಗಿಟಾರಿಗೆ ಒಂದೇ ದಪ್ಪದ ತಂತಿ ಹಾಕಿದೆ, 10–46 (ತೆಳು ತಂತಿಯಿಂದ ದಪ್ಪ ತಂತಿಗೆ, ಇಂಚಿನ ಸಾವಿರದ ಭಾಗಗಳಲ್ಲಿ). ಕೇಬಲ್ ಒಂದೇ. ಪ್ರತಿ ಜೋಡಿಯ ಸದ್ದನ್ನೂ ಒಂದೇ ಮಟ್ಟಕ್ಕೆ ತಂದುಕೊಂಡೆ. ಇದು ಸಣ್ಣ ವಿಷಯ ಅಲ್ಲ. ಸ್ವಲ್ಪ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ಸುಲಭವಾಗಿ ಒಪ್ಪಿಕೊಂಡುಬಿಡುತ್ತದೆ.

ಗಿಟಾರ್

ಶ್ರುತಿಯಿಂದ ಶುರುಮಾಡೋಣ. ಹೊಸ ವಿನ್ಯಾಸ ಇಲ್ಲಿ ಯಾವ ವಾದಕ್ಕೂ ಜಾಗ ಕೊಡದೆ ಗೆಲ್ಲುತ್ತದೆ. ಹಳೆಯ ಲೆಸ್ ಪಾಲ್ ವಿನ್ಯಾಸದಲ್ಲಿ ಹೆಡ್‌ಸ್ಟಾಕ್ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಬಿರಡೆಗಳು ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು. ಹಾಗಾಗಿ ನಡುವಿನ ಡಿ ಮತ್ತು ಜಿ ತಂತಿಗಳು ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ದಾಟಿದ ಕೂಡಲೇ ಕೆಳಕ್ಕೂ ಬಗ್ಗಬೇಕು, ಪಕ್ಕಕ್ಕೂ ತಿರುಗಬೇಕು. ಅಲ್ಲಿ ಉಜ್ಜಾಟ ಜಾಸ್ತಿ. ಜಿ ತಂತಿಯನ್ನು ಎಳೆದು ಬೆಂಡ್ ಮಾಡಿ ಬಿಟ್ಟರೆ, ನಟ್‌ನಿಂದ ಈಚೆಗೆ ಜಾರಿದ ತಂತಿ ಪೂರ್ತಿ ವಾಪಸ್ ಹೋಗುವುದಿಲ್ಲ. ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ. ಬಿರಡೆ ತಿರುಗಿಸುವಾಗ 'ಟಿಂಗ್' ಅಂತ ಸದ್ದು ಬಂದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಂಡಿತ್ತು ಅಂತಲೇ ಅರ್ಥ. ನಟ್ ಚೆನ್ನಾಗಿ ಕೊರೆಸಿ, ಪೆನ್ಸಿಲ್ ಸೀಸ ಹಚ್ಚಿದರೆ ಕಾಟ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಹೆಡ್‌ಲೆಸ್ ಗಿಟಾರಿನಲ್ಲಿ ತಂತಿಯನ್ನು ನೆಕ್‌ನ (ಎಡಗೈ ಹಿಡಿಯುವ ಕತ್ತಿನ) ತುದಿಯಲ್ಲೇ ಬಿಗಿದು ಕೂರಿಸುತ್ತಾರೆ. ಶ್ರುತಿ ಮಾಡುವುದು ಮೈ ಮೇಲೆ ತಂತಿ ಕೂರುವ ಬ್ರಿಡ್ಜ್ ಹತ್ತಿರ. ತಂತಿ ಉದ್ದಕ್ಕೂ ನೇರ. ನಟ್ ಆಚೆಗೆ ಹಿಗ್ಗುವ, ಜಾರುವ ಉದ್ದವೇ ಇಲ್ಲ. ವಿನ್ಯಾಸಕಾರ ನೆಡ್ ಸ್ಟೈನ್‌ಬರ್ಗರ್ ಈ ಕ್ರಮವನ್ನು 1970ರ ದಶಕದ ಕೊನೆಯಲ್ಲಿ ಮೊದಲು ಬಾಸ್ ಗಿಟಾರಿಗೆ ತಂದರು. ನನ್ನ ಕೈಯಲ್ಲಿರುವುದು ಆ ದಾರಿಯಲ್ಲೇ ಬಂದದ್ದು. ಎಷ್ಟು ಬೆಂಡ್ ಮಾಡಿದರೂ ಶ್ರುತಿ ಹಾಗೇ ನಿಂತಿರುತ್ತದೆ. ನುಡಿಸುವವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇಲ್ಲ.

ಇನ್ನು ತೂಕ. ಲೆಸ್ ಪಾಲ್ ಮಾದರಿಗಳು ನಾಲ್ಕು ಕೆಜಿ ಆಸುಪಾಸು ಇರುವುದು ಮಾಮೂಲು. ಹೆಡ್‌ಲೆಸ್ ಎತ್ತಿಕೊಂಡರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತುದಿಯಲ್ಲಿ ಭಾರ ಇಲ್ಲದ್ದರಿಂದ ನೆಕ್ ಕೆಳಗೆ ವಾಲುವುದಿಲ್ಲ. ಎಡಗೈ ನುಡಿಸುವುದನ್ನು ಬಿಟ್ಟು ಗಿಟಾರನ್ನು ಎತ್ತಿ ಹಿಡಿಯುವ ಕೆಲಸ ಮಾಡಬೇಕಾಗಿಲ್ಲ. ಮಹಾಗನಿ ನೆಕ್‌ಗೆ ಇನ್ನೊಂದು ಹಳೆಯ ಕುಂದಿದೆ. ಹೆಡ್‌ಸ್ಟಾಕ್ ಬಾಗುವ ಜಾಗದಲ್ಲೇ ಟ್ರಸ್ ರಾಡ್‌ಗೆ (ನೆಕ್ ಒಳಗೆ ಬಿಗಿಯಲು ಇರುವ ಕಂಬಿಗೆ) ಗುಳಿ ಕೊರೆದಿರುತ್ತಾರೆ, ಮರ ಅಲ್ಲಿ ತೆಳ್ಳಗಾಗುತ್ತದೆ. ಗಿಟಾರ್ ಹಿಂದಕ್ಕೆ ಬಿದ್ದರೆ ಮುರಿಯುವುದು ಅಲ್ಲೇ. ಹೆಡ್‌ಸ್ಟಾಕೇ ಇಲ್ಲದ ಗಿಟಾರಿಗೆ ಆ ಭಯ ಎಲ್ಲಿಂದ ಬರಬೇಕು?

ಓರೆ ಫ್ರೆಟ್ ನೋಡಿದರೆ ಹೆದರಿಕೆ ಆಗುತ್ತದೆ. ಕೈಗೆ ಮಾತ್ರ ಬೇಗ ಒಗ್ಗಿಕೊಂಡಿತು. ಇದರ ಹಿಂದೆ ಸರಳ ಲೆಕ್ಕ ಇದೆ. ದಪ್ಪ ತಂತಿಗೆ ಉದ್ದ ಜಾಸ್ತಿ ಕೊಟ್ಟರೆ ಅದೇ ಸ್ವರಕ್ಕೆ ಬಿಗಿ ಹೆಚ್ಚುತ್ತದೆ. 628 ಮಿ.ಮೀ. ಬದಲು ಫೆಂಡರ್ ಅಳತೆಯ 648 ಮಿ.ಮೀ. ಕೊಟ್ಟರೆ ಬಿಗಿತ ಸುಮಾರು 6% ಏರುತ್ತದೆ. ತಗ್ಗು ಸ್ವರ ಆಗ ಸಡಿಲವಾಗಿ ಲೊಳಲೊಳ ಅನ್ನುವುದಿಲ್ಲ. ತೆಳು ತಂತಿಗೆ ಗಿಡ್ಡ ಉದ್ದ ಉಳಿಸಿಕೊಂಡರೆ ಬೆಂಡ್ ಹಗುರ. ಗಿಟಾರ್ ತಯಾರಕ ರಾಲ್ಫ್ ನೊವಾಕ್ 1989ರಲ್ಲಿ ಇದರ ಪೇಟೆಂಟ್ ಪಡೆದರು. ನೆಕ್‌ನ ಶುರುವಿನಲ್ಲಿ ಹಿಡಿಯುವ ದೊಡ್ಡ ಬಾರೆ ಕಾರ್ಡ್‌ಗಳು (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವಂಥವು) ಮಾತ್ರ ಇಂದಿಗೂ ನನಗೆ ಸ್ವಲ್ಪ ಕಷ್ಟ. ಮಣಿಕಟ್ಟು ಬೇರೆ ಕೋನ ಕೇಳುತ್ತದೆ. ಸ್ಟೀಲ್ ಫ್ರೆಟ್ ಬಗ್ಗೆ ಎರಡೇ ಮಾತು: ಸವೆಯುವುದು ತೀರಾ ನಿಧಾನ, ಬೆಂಡ್ ಬೆಣ್ಣೆ.

ಹಾಗಾದರೆ ಹಳೆಯ ಗಿಟಾರ್ ಎಲ್ಲೂ ಗೆಲ್ಲುವುದಿಲ್ಲವಾ? ಗೆಲ್ಲುತ್ತದೆ. ತಂತಿ ತುಂಡಾದರೆ ಅದರಲ್ಲಿ ಬೇಗ ಹೊಸದು ಹಾಕಬಹುದು. ಹೆಡ್‌ಲೆಸ್‌ಗೆ ಅಲೆನ್ ಕೀಲಿ ಹುಡುಕಬೇಕು, ತಂತಿಯನ್ನು ಅಳತೆಗೆ ಕತ್ತರಿಸಬೇಕು. ಗೋಡೆಯ ಕೊಕ್ಕೆಗೆ ತೂಗುಹಾಕಲೂ ಅದಕ್ಕೆ ತಲೆ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ನಾಲ್ಕು ನಾಬ್‌ಗಳ ವಿಷಯ. ಹಳೆಯದರಲ್ಲಿ ಪ್ರತಿ ಪಿಕಪ್‌ಗೂ ಬೇರೆ ವಾಲ್ಯೂಮ್, ಬೇರೆ ಟೋನ್. ನೆಕ್ ಪಿಕಪ್‌ನ ವಾಲ್ಯೂಮ್ ಇಳಿಸಿ, ಬ್ರಿಡ್ಜ್ ಪಿಕಪ್‌ದನ್ನು ಪೂರ್ತಿ ಏರಿಸಿ ಇಟ್ಟರೆ, ಸ್ವಿಚ್ ಒಂದನ್ನು ತಳ್ಳಿದರೆ ಸಾಕು, ಸ್ವಚ್ಛ ದನಿಯಿಂದ ಒರಟು ದನಿಗೆ ಹೋಗಬಹುದು. ಪೆಡಲ್ ಬೇಡ. ಹೊಸದರಲ್ಲಿ ಒಂದೇ ವಾಲ್ಯೂಮ್, ಒಂದೇ ಟೋನ್. ಈ ಜಾಣತನವನ್ನು ಹೊಸ ವಿನ್ಯಾಸಕಾರರು ಯಾಕೆ ಬಿಟ್ಟುಕೊಟ್ಟರೋ, ನನಗಂತೂ ಬೇಸರ ಇದೆ.

ದನಿ? ಎರಡರಲ್ಲೂ ಒಂದೇ ಬಗೆಯ ಪಿಕಪ್ ಇದ್ದಾಗ ನನ್ನ ಕಿವಿಗೆ ಕೇಳಿದ ವ್ಯತ್ಯಾಸ ಚಿಕ್ಕದು. ಸ್ಕೇಲ್ ಉದ್ದದಿಂದ ಬರುವ ಬಿಗಿ ಕೇಳುತ್ತದೆ. ಮಹಾಗನಿಯ ಮಹಿಮೆ ಅಂತ ಬೆರಳು ಮಾಡಿ ತೋರಿಸುವಂಥದ್ದು ಏನೂ ಸಿಗಲಿಲ್ಲ.

ಆದರೂ ಜನ ಹಳೆಯ ಆಕಾರವನ್ನೇ ಕೇಳುತ್ತಾರೆ. ಸ್ವಾರಸ್ಯ ಏನೆಂದರೆ ಆ ಆಕಾರಗಳೂ ಒಮ್ಮೆ ಸೋತವೇ. 1952ರಲ್ಲಿ ಬಂದ ಲೆಸ್ ಪಾಲ್ 1961ರ ಹೊತ್ತಿಗೆ ಮಾರಾಟ ಕುಸಿದು ಆ ರೂಪದಲ್ಲಿ ನಿಂತುಹೋಯಿತು. ಗಿಬ್ಸನ್ ಅದನ್ನು ವಾಪಸ್ ತಂದದ್ದು 1968ರಲ್ಲಿ. 1958ರ ಫ್ಲೈಯಿಂಗ್ ವಿ ಮೊದಲ ಎರಡು ವರ್ಷದಲ್ಲಿ ನೂರರ ಆಸುಪಾಸು ಹೋಯಿತು, ಅಷ್ಟೇ. 1993ರ ಪಾರ್ಕರ್ ಫ್ಲೈ ಕಾರ್ಬನ್ ನಾರಿನ ಹೊದಿಕೆ, ಸ್ಟೀಲ್ ಫ್ರೆಟ್ ಎಲ್ಲ ಹೊತ್ತು ಬಂತು, ತೂಕ ಎರಡೂವರೆ ಕೆಜಿಗಿಂತ ಕಡಿಮೆ. ಅದಕ್ಕೆ ಸಿಗಬೇಕಾದ ಜಾಗ ಸಿಗಲಿಲ್ಲ ಅಂತ ಇವತ್ತಿಗೂ ನನ್ನ ಅನ್ನಿಸಿಕೆ.

ಆಂಪ್

ಇಲ್ಲಿ ಕಥೆ ಉಲ್ಟಾ. ಹೊಸ ಗಿಟಾರುಗಳು ಹಳೆಯದರ ಕುಂದನ್ನು ಸರಿಮಾಡಲು ಹೊರಟವು. ಹೊಸ ಆಂಪ್‌ಗಳು ಹಳೆಯದರ ಕುಂದನ್ನು ನಕಲು ಮಾಡಲು ಹೊರಟಿವೆ. ಆ ಕುಂದುಗಳೇ ನಮಗೆ ಬೇಕಾದ ದನಿ, ಅಲ್ವಾ?

ಟ್ಯೂಬ್ ಆಂಪ್‌ನಲ್ಲಿ ಆಗುವುದು ಇದು. ಪವರ್ ಟ್ಯೂಬ್‌ಗಳು ಸುಮಾರು 400 ವೋಲ್ಟ್ ಮೇಲೆ ನಡೆಯುತ್ತವೆ. ತಂತಿಯನ್ನು ಜೋರಾಗಿ ಮೀಟಿದಾಗ ಅವು ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತವೆ. ಈ ಆಂಪ್‌ನಲ್ಲಿ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಕೂಡ ಟ್ಯೂಬೇ ಆದ್ದರಿಂದ ವೋಲ್ಟೇಜ್ ಆ ಕ್ಷಣ ಕುಗ್ಗಿ, ಮತ್ತೆ ನಿಧಾನಕ್ಕೆ ಏರುತ್ತದೆ. ಸ್ವರದ ಮೊದಲ ಏಟು ಮೆತ್ತಗಾಗಿ, ಆಮೇಲೆ ಅರಳುತ್ತದೆ. ಮೆಲ್ಲಗೆ ಮೀಟಿದರೆ ಇದು ಆಗುವುದಿಲ್ಲ. ಅಂದರೆ ಬಲಗೈಯ ಬಲವನ್ನು ಆಂಪ್ ಗಮನಿಸುತ್ತಿರುತ್ತದೆ. ಇದರ ಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ನ ಕಾಗದದ ಕೋನ್ ತಮ್ಮ ಪಾಲು ಸೇರಿಸುತ್ತವೆ.

ಮಾಡೆಲರ್ ಇದನ್ನೆಲ್ಲ ಲೆಕ್ಕದಲ್ಲಿ ಕಟ್ಟುತ್ತದೆ. 1998ರ ಲೈನ್ 6 ಪಾಡ್ ಕಾಲದಿಂದ ಈ ಕೆಲಸ ತುಂಬಾ ದೂರ ಬಂದಿದೆ. 2011ರಲ್ಲಿ ಬಂದ ಕೆಂಪರ್, ನಿಜವಾದ ಆಂಪ್ ಒಂದರ ನಡವಳಿಕೆಯನ್ನು ಅಳೆದು ಇಟ್ಟುಕೊಳ್ಳುವ ದಾರಿ ತೋರಿಸಿತು. ಈಗ ನ್ಯೂರಲ್ ನೆಟ್‌ವರ್ಕ್‌ಗಳು ಅದೇ ಕೆಲಸ ಮಾಡುತ್ತಿವೆ. ರೆಕಾರ್ಡ್ ಮಾಡಿ, ಕಣ್ಣುಮುಚ್ಚಿ ಕೇಳಿದಾಗ ನನ್ನ ಟ್ಯೂಬ್ ಆಂಪ್ ಯಾವುದು, ಮಾಡೆಲರ್ ಯಾವುದು ಅಂತ ಹೇಳಲು ನನಗೆ ಆಗಲಿಲ್ಲ. ಕೇಳುಗರ ಮಟ್ಟಿಗೆ ಈ ಜಗಳ ಮುಗಿದಿದೆ.

ನುಡಿಸುವವರ ಮಟ್ಟಿಗೆ ಮುಗಿದಿಲ್ಲ. ಎರಡು ಕಡೆ ಅದು ಎಡವುತ್ತದೆ.

ಒಂದು, ಹೀಗೆ ಸೆರೆಹಿಡಿದ ದನಿ ಸಾಮಾನ್ಯವಾಗಿ ಆಂಪ್‌ನ ನಾಬ್‌ಗಳು ಒಂದು ಜಾಗದಲ್ಲಿದ್ದಾಗಿನದು. ನಿಜವಾದ ಆಂಪ್‌ನಲ್ಲಿ ಟ್ರೆಬಲ್ ತಿರುಗಿಸಿದರೆ ಬಾಸ್ ಕೂಡ ಅಲುಗಾಡುತ್ತದೆ, ಒಂದೇ ಸರ್ಕ್ಯೂಟಿನಲ್ಲಿ ಎಲ್ಲ ಹೆಣೆದುಕೊಂಡಿರುತ್ತವೆ. ನಾನಿಟ್ಟುಕೊಂಡ ಸೆರೆಹಿಡಿದ ದನಿಗಳಲ್ಲಿ ನಾಬ್ ತಿರುಗಿಸಿದರೆ ಮೇಲಿಂದ ಹಾಕಿದ ಈಕ್ಯೂ (ಬಾಸ್, ಟ್ರೆಬಲ್ ಏರಿಳಿಸುವ ಬೇರೆ ಫಿಲ್ಟರ್) ಥರ ಕೇಳುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿ ದನಿ ಸ್ವಚ್ಛ ಮಾಡಿಕೊಳ್ಳುವುದರಲ್ಲೂ ಟ್ಯೂಬ್ ಆಂಪ್‌ನಲ್ಲಿ ಸಿಗುವ ನಡುಹಂತಗಳು ಜಾಸ್ತಿ. ನಾಲ್ಕು ನಾಬ್‌ನ ಹಳೆಯ ಗಿಟಾರಿನಲ್ಲಿ ಇದು ಎದ್ದು ಕಾಣಿಸಿತು.

ಎರಡು, ಮಾಡೆಲರ್ ಕೊಡುವುದು ಮೈಕ್ ಇಟ್ಟು ರೆಕಾರ್ಡ್ ಮಾಡಿದ ಆಂಪ್‌ನ ದನಿ. ಕೋಣೆಯಲ್ಲಿ ಕಾಲಿಗೆ ಗಾಳಿ ತಳ್ಳುವ ಆಂಪ್ ಅದು ಅಲ್ಲ. ಸ್ಪೀಕರ್‌ನ ಗುಣ ತರಲು ಇಂಪಲ್ಸ್ ರೆಸ್ಪಾನ್ಸ್, ಅಂದರೆ ಮೈಕ್ ಇಟ್ಟು ಅಳೆದ ಸ್ಪೀಕರ್‌ನ ದನಿಯ ಅಚ್ಚು, ಬಳಸುತ್ತಾರೆ. ಅದು ಒಂದು ಮೈಕ್, ಒಂದು ಜಾಗ, ಒಂದು ಕ್ಷಣ. ಸ್ಪೀಕರ್ ಜೋರಾದಂತೆ ಅದರ ದನಿ ಬದಲಾಗುವುದನ್ನು ಇಂಪಲ್ಸ್ ಒಂದರಿಂದಲೇ ಹಿಡಿಯಲು ಆಗುವುದಿಲ್ಲ. ಅದೇ ಮಾಡೆಲರಿನ ಸ್ಪೀಕರ್ ಭಾಗ ಆರಿಸಿ, ಪವರ್ ಆಂಪ್ ಮೂಲಕ ಗಿಟಾರ್ ಕ್ಯಾಬಿನೆಟ್‌ಗೆ ಕೊಟ್ಟು ನೋಡಿದೆ. ಅಂತರ ಅರ್ಧಕ್ಕೆ ಇಳಿಯಿತು. ಮಾಡೆಲರ್ ಇರುವವರು ಇದನ್ನು ಖಂಡಿತ ಮಾಡಿ ನೋಡಬೇಕು.

ಮಾಡೆಲರ್‌ನಲ್ಲಿ ಮೀಟಿದ ಮೇಲೆ ಸದ್ದು ಬರಲು ತಡ ಆಗುತ್ತದೆ ಅನ್ನುವ ದೂರು ನನಗೆ ಒಪ್ಪಿಗೆ ಇಲ್ಲ. ಒಳ್ಳೆಯ ಮಾಡೆಲರ್ ತೆಗೆದುಕೊಳ್ಳುವುದು ಕೆಲವೇ ಮಿಲಿಸೆಕೆಂಡ್. ಸದ್ದು ಒಂದು ಮೀಟರ್ ಗಾಳಿ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆಂಪ್‌ನಿಂದ ಎರಡು ಹೆಜ್ಜೆ ದೂರ ನಿಂತರೂ ಅಷ್ಟೇ ತಡ.

ಮಾಡೆಲರ್ ಟ್ಯೂಬ್ ಆಂಪನ್ನು ಸೋಲಿಸುವ ಜಾಗ ಯಾವುದು ಅಂದರೆ ಸದ್ದಿನ ಮಟ್ಟ. 22 ವಾಟ್ ಕೇಳಲು ಕಡಿಮೆ ಅನ್ನಿಸಬಹುದು. ಟ್ಯೂಬ್ ಒರಟಾಗುವ ಮಟ್ಟಕ್ಕೆ ಏರಿಸಿದರೆ ಮನೆಯಲ್ಲಿ ಯಾರೂ ಇರಲಾರರು. ವಾಟ್ ಅರ್ಧ ಮಾಡಿದರೆ ಸದ್ದು ಅರ್ಧ ಆಗುವುದಿಲ್ಲ. ಕಿವಿಗೆ ಅರ್ಧ ಅನ್ನಿಸಲು ಹತ್ತನೇ ಒಂದಕ್ಕೆ, ಅಂದರೆ 2.2 ವಾಟ್‌ಗೆ ಇಳಿಸಬೇಕು. ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಮಾಡೆಲರ್ ಬಿಟ್ಟರೆ ಬೇರೆ ಗತಿ ಇಲ್ಲ. ಅದು ನಿಜಕ್ಕೂ ದೊಡ್ಡ ಉಪಕಾರ.

ನಡುದಾರಿಯೂ ಇದೆ. ಫೆಂಡರ್ 2019ರಲ್ಲಿ ತಂದ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್ ನೋಡಲು ಹಳೆಯದೇ, ಒಳಗೆ ಟ್ಯೂಬ್ ಇಲ್ಲ. ಟ್ಯೂಬ್ ಆಂಪ್ 19 ಕೆಜಿ ಇದ್ದರೆ ಇದು ಹತ್ತು ಕೆಜಿ ಚಿಲ್ಲರೆ. ಹಿಂದಿನ ಸ್ವಿಚ್‌ನಲ್ಲಿ 22 ವಾಟ್‌ನಿಂದ 0.2 ವಾಟ್ ತನಕ ಇಳಿಸಬಹುದು. ಒಂದೇ ಆಂಪ್ ಆಗುವುದನ್ನು ಒಪ್ಪಿಕೊಂಡು, ಅದನ್ನೇ ಚೆನ್ನಾಗಿ ಮಾಡಿದ್ದಾರೆ. ಸೊಂಟ ನೋವಿರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನ ಆಸೆ ಬೇರೆ ಇದೆ. ಆಂಪ್ ಕಡೆಯ ಹೊಸತನ ನಕಲಿನಲ್ಲೇ ಯಾಕೆ ನಿಲ್ಲಬೇಕು? 1975ರ ರೋಲ್ಯಾಂಡ್ ಜೆಸಿ-120 ನೋಡಿ. ಟ್ಯೂಬ್ ಇಲ್ಲ, ಟ್ಯೂಬ್ ಥರ ಕೇಳಿಸಬೇಕು ಅನ್ನುವ ಹಟವೂ ಇಲ್ಲ. 60 ವಾಟ್‌ನ ಎರಡು ಆಂಪ್, ಎರಡು ಸ್ಪೀಕರ್. ಕೋರಸ್ ಹಾಕಿದರೆ ಒಂದರಲ್ಲಿ ನೇರ ದನಿ, ಇನ್ನೊಂದರಲ್ಲಿ ಸಣ್ಣಗೆ ಅಲೆಯುವ ದನಿ, ಎರಡೂ ಬೆರೆಯುವುದು ಗಾಳಿಯಲ್ಲಿ. ಅದು ತನ್ನದೇ ದನಿ ಕಟ್ಟಿಕೊಂಡಿತು, ಈಗ ಮಾಡೆಲರ್‌ಗಳು ಅದನ್ನೂ ನಕಲು ಮಾಡುತ್ತವೆ. ಇಷ್ಟೊಂದು ಲೆಕ್ಕದ ಶಕ್ತಿ ಕೈಯಲ್ಲಿರುವಾಗ ಹಿಂದೆಂದೂ ಇಲ್ಲದ ಆಂಪ್ ಒಂದನ್ನು ಕಟ್ಟಲು ಯಾರಾದರೂ ಧೈರ್ಯ ಮಾಡಬೇಕು.

ಜೋಡಿಗಳು

ಹಳೆಯ ಗಿಟಾರ್, ಹಳೆಯ ಆಂಪ್: ದನಿ ಅದ್ಭುತ. ಭುಜ ನೋವು, ಶ್ರುತಿಯ ಕಿರಿಕಿರಿ ಜೊತೆಗೇ ಬರುತ್ತವೆ. ಹೊಸ ಗಿಟಾರ್, ಮಾಡೆಲರ್: ಪ್ರಯಾಣಕ್ಕೆ, ರೆಕಾರ್ಡಿಂಗ್‌ಗೆ ಇದನ್ನು ಮೀರಿಸುವ ಜೋಡಿ ಇಲ್ಲ. ತಾಸುಗಟ್ಟಲೆ ಸುಮ್ನೆ ನುಡಿಸುತ್ತಾ ಕೂರಲು ಮಾತ್ರ ಮನಸ್ಸು ಎಳೆಯುವುದಿಲ್ಲ. ಹಳೆಯ ಗಿಟಾರ್, ಮಾಡೆಲರ್ ನನಗೆ ತೀರಾ ಕಡಿಮೆ ಹಿಡಿಸಿತು. ಗಿಟಾರಿನ ತೊಂದರೆಗಳು ಹಾಗೇ ಉಳಿದವು, ನಾಲ್ಕು ನಾಬ್‌ನ ಲಾಭವೂ ಅರ್ಧ ಹೋಯಿತು. ಹೊಸ ಗಿಟಾರ್, ಟ್ಯೂಬ್ ಆಂಪ್‌ನಲ್ಲಿ ಎಡಗೈಗೆ ಅಡ್ಡಿ ಇಲ್ಲ, ಬಲಗೈಗೆ ಉತ್ತರ ಸಿಗುತ್ತದೆ. ಗಿಟಾರ್ ಕೆಳಗಿಡಲು ಮನಸ್ಸಾಗದ್ದು ಇದರಲ್ಲೇ.

ಟ್ಯೂಬ್ ಆಂಪ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಟ್ಯೂಬ್ ಸವೆಯುತ್ತದೆ, ಬದಲಿಸಬೇಕು. ಈಗ ಟ್ಯೂಬ್ ಮಾಡುವ ಕಾರ್ಖಾನೆಗಳು ಕೆಲವೇ ಉಳಿದಿವೆ, ಹಾಗಾಗಿ ಒಂದು ಜೊತೆ ಮನೆಯಲ್ಲಿ ತೆಗೆದಿಡಿ. ಹಳೆಯ ಸರ್ಕ್ಯೂಟುಗಳ ನಕ್ಷೆ ಸುಲಭವಾಗಿ ಸಿಗುತ್ತದೆ, ರಿಪೇರಿ ಬಲ್ಲವರು ದಶಕಗಳ ಹಿಂದಿನ ಆಂಪನ್ನೂ ಬದುಕಿಸುತ್ತಾರೆ. ಆದರೆ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆಯುವಷ್ಟು. ಅದನ್ನು ಖಾಲಿ ಮಾಡುವ ಕ್ರಮ ಗೊತ್ತಿಲ್ಲದವರು ಹಿಂದಿನ ಹಲಗೆ ಬಿಚ್ಚಿ ಒಳಗೆ ಕೈಹಾಕಬೇಡಿ, ಬಲ್ಲವರ ಕೈಗೇ ಕೊಡಿ.