ಮೂವರು ಸೆರ್ಜಿಯೋಗಳು, ಮೂರು ಭಾನುವಾರ, ಒಂದು ಮೊರ ಅವರೆಕಾಯಿ

ಇಟಲಿಯವರು ತೆಗೆದ ಕೌಬಾಯ್ ಸಿನಿಮಾಗಳಲ್ಲಿ ಮೊದಲು ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ ಇಷ್ಟು ದಿನ ಯೋಚಿಸದೆ ಸೆರ್ಜಿಯೋ ಲಿಯೋನೆಯ ಹೆಸರು ಹೇಳಿಬಿಡುತ್ತಿದ್ದೆ. ಆದರೆ ಅದೇ ಕಾಲದಲ್ಲಿ, ಅದೇ ಮರಳುಗಾಡಿನಲ್ಲಿ ಇನ್ನಿಬ್ಬರು ಸೆರ್ಜಿಯೋಗಳು ಕುದುರೆ ಓಡಿಸುತ್ತಿದ್ದರು: ಕೊರ್ಬುಚಿ ಮತ್ತು ಸೊಲ್ಲಿಮಾ. ಅವರ ಸಿನಿಮಾಗಳನ್ನು ನಾನು ಎಂದೋ ಅರೆಬರೆ ನೋಡಿ ಮರೆತಿದ್ದೆ. ಈ ಸಲ ಅವರೆಕಾಯಿ ಕಾಲದ ಮೂರು ಭಾನುವಾರಗಳನ್ನು ಈ ಮೂವರಿಗೂ ಮೀಸಲಿಟ್ಟೆ. ಲಿಯೋನೆಯ ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’ (1966), ಸೊಲ್ಲಿಮಾನ ‘ದ ಬಿಗ್ ಗನ್‌ಡೌನ್’ (1966), ಕೊರ್ಬುಚಿಯ ‘ದ ಗ್ರೇಟ್ ಸೈಲೆನ್ಸ್’ (1968). ಮೂರಕ್ಕೂ ಸಂಗೀತ ಎನ್ನಿಯೊ ಮೊರಿಕೊನೆಯದು. ಒಗ್ಗರಣೆ ಒಬ್ಬನದೇ ಆದ್ದರಿಂದ ಸಾರಿನ ರುಚಿ ಎಲ್ಲಿ ಬೇರೆಯಾಗುತ್ತದೆ ಎಂದು ಹೇಳುವುದು ಸುಲಭ.

ಪಕ್ಕದಲ್ಲಿ ಅಮ್ಮ ಕಾಯಿ ಸುಲಿಯುತ್ತಾ ಕುಳಿತಿದ್ದಳು. ಅವಳನ್ನು ನಾನು ಕರೆದಿರಲಿಲ್ಲ. ನಮ್ಮ ಮನೆಯಲ್ಲಿ ಟಿವಿಯೂ ಮೊರವೂ ಇರುವುದು ನಡುಮನೆಯಲ್ಲೇ.

ಲಿಯೋನೆಯ ಸಿನಿಮಾದಲ್ಲಿ ಶುರುವಿನ ಸುಮಾರು ಹತ್ತು ನಿಮಿಷ ಒಂದು ಮಾತೂ ಇಲ್ಲ. ಗಾಳಿ, ಬೂಟಿನ ಸದ್ದು, ಬಾಗಿಲ ಕಿರುಗುಟ್ಟುವಿಕೆ. ಆಮೇಲೆ ಲೀ ವ್ಯಾನ್ ಕ್ಲೀಫ್ ಒಬ್ಬ ರೈತನ ಮನೆಯೊಳಗೆ ಬಂದು ಊಟದ ಮೇಜಿಗೆ ಕೂರುತ್ತಾನೆ. ಕೇಳದೆಯೇ ಬಡಿಸಿಕೊಳ್ಳುತ್ತಾನೆ. ಚಮಚ ಬಾಯಿಗೆ ಹೋಗುತ್ತದೆ, ಕಣ್ಣು ಮಾತ್ರ ಎದುರಿಗಿರುವವನ ಮೇಲಿಂದ ಕದಲುವುದಿಲ್ಲ. ಅಮ್ಮನ ಕೈ ನಿಂತಿತು. ಊಟ ಮುಗಿಸಿದವನು ಮನೆಯ ಯಜಮಾನನನ್ನು ಕೊಂದೇ ಎದ್ದ. “ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ಇವನು ಜಂತೆಯನ್ನೇ ಕಿತ್ತನಲ್ಲೋ,” ಅಂದಳು. ಇಂಗ್ಲಿಷ್ ಅಷ್ಟಾಗಿ ಬಾರದ ಅವಳಿಗೆ ಈ ದೃಶ್ಯದಲ್ಲಿ ತಿಳಿಯದೆ ಉಳಿದದ್ದು ಏನೂ ಇರಲಿಲ್ಲ.

ಈ ಸಿನಿಮಾಗಳು ಅರವತ್ತು ವರ್ಷ ಬಾಳಿದ್ದರ ಗುಟ್ಟು ಇಲ್ಲಿದೆ ಎಂದು ನನ್ನ ಅನಿಸಿಕೆ. ಚಿತ್ರೀಕರಣದ ವೇಳೆ ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬ ಇಟಾಲಿಯನ್ನಿನಲ್ಲಿ, ಮತ್ತೊಬ್ಬ ಸ್ಪ್ಯಾನಿಷಿನಲ್ಲಿ ಮಾತಾಡುತ್ತಿದ್ದ. ದನಿಯನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಕೂರಿಸುತ್ತಿದ್ದರು. ಹಾಗಾಗಿ ಮಾತಿನ ಭಾರ ಮುಖಕ್ಕೂ ಸದ್ದಿಗೂ ಬಿತ್ತು. ಲಿಯೋನೆಯಂಥವರು ಖರ್ಚು ಉಳಿಸಲು ಬಳಸಿದ ಟೆಕ್ನಿಸ್ಕೋಪ್ ಎಂಬ ಚಿತ್ರೀಕರಣ ವಿಧಾನ ಕೂಡ ವರವೇ ಆಯಿತು. ಒಂದು ಚೌಕಟ್ಟಿಗೆ ಮಾಮೂಲಿನ ಅರ್ಧದಷ್ಟೇ ಫಿಲ್ಮ್ ಸಾಕು, ಪರದೆ ಮಾತ್ರ ಅಗಲ. ಮೂಗಿನ ಮೇಲಿನ ಬೆವರಹನಿಯೂ ಹಿಂದಿನ ಬೆಟ್ಟವೂ ಒಟ್ಟಿಗೆ ನಿಚ್ಚಳವಾಗಿ ಕಾಣುವುದು ಅದರ ಫಲ.

ಕೊನೆಯ ಸ್ಮಶಾನದ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸ್ಪೇನಿನ ಬುರ್ಗೋಸ್ ಬಳಿ ಆ ದೇಶದ ಸೈನಿಕರೇ ಸಾವಿರಾರು ಹುಸಿ ಗೋರಿಗಳನ್ನು ಎಬ್ಬಿಸಿಕೊಟ್ಟ ಜಾಗ ಅದು. ಹುಲ್ಲಿನಡಿ ಹೂತುಹೋಗಿದ್ದ ಅದನ್ನು 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಮತ್ತೆ ಹೊರತೆಗೆದರು. ನಡುವಿನ ಕಲ್ಲಿನ ವೃತ್ತದಲ್ಲಿ ಮೂವರು ನಿಲ್ಲುತ್ತಾರೆ. ಕೈ, ಕಣ್ಣು, ಸೊಂಟದ ಪಿಸ್ತೂಲು, ಮತ್ತೆ ಕಣ್ಣು. ಐದು ನಿಮಿಷದ ಹತ್ತಿರ ಯಾರೂ ಗುಂಡು ಹಾರಿಸುವುದಿಲ್ಲ. “ಹೊಡೆಯುವುದಾದರೆ ಹೊಡೆಯಬಾರದೇ, ಒಲೆಯ ಮೇಲೆ ಹಾಲಿಟ್ಟವರ ಹಾಗೆ ನಿಂತಿದ್ದಾರೆ,” ಎಂದು ಅಮ್ಮ ಗೊಣಗಿದಳು. ಆದರೆ ಹಾಲು ಉಕ್ಕುವವರೆಗೂ ಎದ್ದು ಹೋಗಲಿಲ್ಲ.

ಕೊರತೆಯೂ ಇದೆ. ನಡುವಿನ ಅಂತರ್ಯುದ್ಧದ ಭಾಗ ಎಳೆದಾಡುತ್ತದೆ. 2003ರ ಉದ್ದನೆಯ ಆವೃತ್ತಿಯನ್ನೂ ಹಾಕಿ ನೋಡಿದೆ. ಹೊಸದಾಗಿ ಸೇರಿಸಿದ ದೃಶ್ಯಗಳಿಗೆ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಕ್ ಮುಪ್ಪಿನಲ್ಲಿ ದನಿ ಕೊಟ್ಟಿದ್ದಾರೆ. ಹರೆಯದ ಮುಖದಿಂದ ಅಜ್ಜನ ದನಿ ಹೊರಟರೆ ಕಿವಿ ಒಪ್ಪುವುದಿಲ್ಲ. ಹಳೆಯ, ಚಿಕ್ಕ ಆವೃತ್ತಿಯೇ ಇರಲಿ.

ಎರಡನೆಯ ಭಾನುವಾರ ‘ಬಿಗ್ ಗನ್‌ಡೌನ್’ ಹಾಕಿದೆ. ಮತ್ತೆ ಅದೇ ಲೀ ವ್ಯಾನ್ ಕ್ಲೀಫ್, ಈ ಸಲ ಕಾನೂನಿನ ಪರ. “ಹೋದ ವಾರ ಅನ್ನ ಹಾಕಿದವನನ್ನೇ ಕೊಂದವನಲ್ಲವೇ ಇವನು? ಇವನನ್ನು ನಂಬಿದರೆ ಆಯಿತು,” ಎಂದು ಅಮ್ಮ ಮೊದಲೇ ತೀರ್ಪು ಕೊಟ್ಟಳು. ಅವಳು ನಂಬದೆ ಕೂತದ್ದು ಸಿನಿಮಾಕ್ಕೆ ಸರಿಯಾಗಿಯೇ ಹೊಂದಿತು. ಎಳೆಯ ಹುಡುಗಿಯೊಬ್ಬಳನ್ನು ಕೆಡಿಸಿ ಕೊಂದನೆಂಬ ಆರೋಪ ಹೊತ್ತ ಬಡ ಮೆಕ್ಸಿಕನ್ ಕುಚಿಲ್ಯೊನನ್ನು ಇವನು ಅಟ್ಟಿಸಿಕೊಂಡು ಹೋಗುತ್ತಾನೆ. ಹಿಡಿಯುತ್ತಾನೆ, ಅವನು ನುಣುಚಿಕೊಳ್ಳುತ್ತಾನೆ, ಮತ್ತೆ ಹಿಡಿಯುತ್ತಾನೆ. ಹೀಗೆ ಓಡಿಓಡಿ, ತನ್ನನ್ನು ಓಡಿಸುತ್ತಿರುವವರು ಯಾರು ಎಂಬ ಅನುಮಾನ ಅಟ್ಟಿಸಿಕೊಂಡು ಹೋದವನಿಗೇ ಹುಟ್ಟುತ್ತದೆ. ರೈಲು ಹಾದಿ ಹಾಕಿಸಲು ಹೊರಟ ಸಾಹುಕಾರ, ಅವನ ಕೈಗೊಂಬೆಯಾದ ಕಾನೂನು, ನಡುವೆ ಒಂದು ಚಾಕು ಬಿಟ್ಟರೆ ಏನೂ ಇಲ್ಲದ ಬಡವ. ಲಿಯೋನೆಯಲ್ಲಿ ಮೂವರೂ ಚಿನ್ನದ ಹಿಂದೆ ಬಿದ್ದವರು. ಯಾರು ಗೆದ್ದರೂ ನಮಗೆ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಕುಚಿಲ್ಯೊ ಸಿಕ್ಕಿಬೀಳಬಾರದು ಎಂದು ಎದೆ ಬಡಿದುಕೊಳ್ಳುತ್ತದೆ.

ತೊಮಾಸ್ ಮಿಲಿಯನ್ ಅವನಾಗಿ ನಟಿಸಿಲ್ಲ, ಅಳಿಲಿನಂತೆ ಕುಣಿದಿದ್ದಾನೆ. ಮೊರಿಕೊನೆ ಕೂಡ ತುಂಟತನ ಬಿಟ್ಟಿಲ್ಲ. ಆಸ್ಟ್ರಿಯಾದ ಒಬ್ಬ ಠೀವಿಯ ಬಂದೂಕುಗಾರ ದ್ವಂದ್ವಕ್ಕೆ ನಿಂತಾಗ ಹಿನ್ನೆಲೆಯಲ್ಲಿ ಬೀಥೋವನ್‌ನ ‘ಫ್ಯೂರ್ ಎಲಿಸೆ’ ಬರುತ್ತದೆ. ಹೊರಾಂಗಣ ದೃಶ್ಯಗಳಲ್ಲಿ ಕಾಣುವುದು ಸ್ಪೇನಿನ ಅಲ್ಮೇರಿಯಾದ ಒಣಭೂಮಿ. “ಇದು ನಮ್ಮ ರಾಮನಗರವಲ್ಲವೇ?” ಎಂದು ಅಮ್ಮ ಕೇಳಿದ್ದು ತೀರ ತಪ್ಪೇನಲ್ಲ. ಮನೆಮಂದಿಯನ್ನು ಸಾಲಾಗಿ ಕೊಲ್ಲುವ ‘ಶೋಲೆ’ಯ ದೃಶ್ಯ ಲಿಯೋನೆಯ 1968ರ ಸಿನಿಮಾದ ಸಾಲ, ಅದನ್ನು ತೀರಿಸಿದ್ದು ನಮ್ಮ ರಾಮನಗರದ ಬಂಡೆಗಳು.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಇದಕ್ಕೆ ಯದ್ವಾತದ್ವಾ ಕತ್ತರಿ ಬಿದ್ದಿತ್ತು. ನಾನು ಹಿಂದೊಮ್ಮೆ ನೋಡಿ ಸಪ್ಪೆ ಎಂದುಕೊಂಡದ್ದು ಅದೇ ತುಂಡನ್ನು. ಪೂರ್ತಿ ಆವೃತ್ತಿಯನ್ನು ಇಟಾಲಿಯನ್ ದನಿಯಲ್ಲಿ ನೋಡಿದಾಗಲೇ ಕತೆ ಕೂಡಿಬಂದದ್ದು.

‘ದ ಗ್ರೇಟ್ ಸೈಲೆನ್ಸ್’ ಬಗ್ಗೆ ಹೆಚ್ಚು ಹೇಳಿದರೆ ಕೆಡುತ್ತದೆ. ಮರಳಿಲ್ಲ, ಬಿಸಿಲಿಲ್ಲ, ಇಟಲಿಯ ಡೊಲೊಮೈಟ್ ಬೆಟ್ಟಗಳ ಹಿಮ. ಕುದುರೆಗಳು ಎದೆಮಟ್ಟ ಹೂತು ಏದುಸಿರು ಬಿಡುತ್ತವೆ. ನಾಯಕನಿಗೆ ಮಾತೇ ಬರುವುದಿಲ್ಲ. ಚಿಕ್ಕಂದಿನಲ್ಲಿ ಗಂಟಲು ಕೊಯ್ದಿದ್ದಾರೆ. ಎದುರಾಳಿ ಕ್ಲೌಸ್ ಕಿನ್ಸ್ಕಿ, ತಲೆಗೆ ಬೆಲೆ ಕಟ್ಟಿದವರನ್ನು ಕೊಂದು ಹಣ ಎಣಿಸುವವನು. ಹೆಣಗಳನ್ನು ಹಿಮದಲ್ಲಿ ಹೂತಿಟ್ಟು, ಬೇಕಾದಾಗ ತೆಗೆದು, ಸೌದೆ ಹೇರಿದ ಹಾಗೆ ಕುದುರೆಬಂಡಿಯ ಮೇಲೆ ಹೇರಿಕೊಂಡು ಹೋಗುತ್ತಾನೆ. ದನಿ ಎತ್ತುವುದೇ ಇಲ್ಲ. ಎಲ್ಲವೂ ಕಾನೂನಿನ ಪ್ರಕಾರ.

ಸುಖಾಂತ ಬೇಡುವ ಕಡೆಗಳಿಗೆಂದು ಇನ್ನೊಂದು ಮುಕ್ತಾಯವನ್ನೂ ಚಿತ್ರಿಸಿದ್ದರು. ಕುತೂಹಲಕ್ಕೆ ಅದನ್ನೂ ನೋಡಿದೆ, ನಗು ಬಂತು. ನಿಜವಾದ ಮುಕ್ತಾಯ ನೋಡಿದಾಗ ಮಾತ್ರ ನಡುಮನೆಯಲ್ಲಿ ಸದ್ದಿರಲಿಲ್ಲ. ಅರ್ಧ ಮೊರ ಕಾಯಿ ಹಾಗೇ ಉಳಿದಿತ್ತು. ಅಮ್ಮ ಎದ್ದು ಹಿತ್ತಲಿಗೆ ಹೋದಳು.

ಈಗ ಕೇಳಿದರೆ ಏನು ಹೇಳುತ್ತೇನೆ? ಮೂರರಲ್ಲಿ ದೊಡ್ಡ ಸಿನಿಮಾ ಕೊರ್ಬುಚಿಯದು, ಆದರೆ ಇನ್ನೊಮ್ಮೆ ನೋಡುವ ಗುಂಡಿಗೆ ನನಗಿಲ್ಲ. ಈ ಸಲ ಬಿಟ್ಟರೆ, ಲಿಯೋನೆಯದನ್ನು ಇಡಿಯಾಗಿ ನೋಡಿ ವರ್ಷಗಳಾಗಿದ್ದವು. ಊಟವಾದ ಮೇಲೆ ಸ್ಮಶಾನದ ದೃಶ್ಯ ಒಂದನ್ನು ಹಾಕಿಕೊಂಡು ಮಲಗುತ್ತೇನೆ, ಕೆಲವರು ರಾತ್ರಿ ಹಳೆಯ ಹಾಡು ಕೇಳುವ ಹಾಗೆ. ಹೊಸಬರ ಕೈಗೆ ಮೊದಲು ಕೊಡುವುದು ಮಾತ್ರ ಇನ್ನು ಮುಂದೆ ಸೊಲ್ಲಿಮಾನನ್ನು. ಮೂರು ದಿನಗಳ ಬಳಿಕ ಅಡುಗೆಮನೆಯಿಂದ ಬಂದ ಪ್ರಶ್ನೆಯೂ ಅವನ ಸಿನಿಮಾದ ಬಗ್ಗೆಯೇ.

“ಆ ಚಾಕುವಿನ ಹುಡುಗ ಇನ್ನು ಯಾವುದರಲ್ಲೂ ಇಲ್ಲವೇನೋ?”

ಇದ್ದಾನೆ. 1968ರಲ್ಲಿ ಸೊಲ್ಲಿಮಾ ಅವನನ್ನು ಮತ್ತೆ ಓಡಿಸಿದ್ದಾನೆ, ‘ರನ್, ಮ್ಯಾನ್, ರನ್’ ಎಂಬ ಹೆಸರಿನಲ್ಲಿ. ಉಂಡ ಮನೆಯ ಜಂತೆ ಕಿತ್ತವನು ಅದರಲ್ಲಿ ಇಲ್ಲ ಎಂದೆ. “ಹಾಗಾದರೆ ಭಾನುವಾರ ಹಾಕು,” ಅಂದಳು.