ನಗೆಪುಸ್ತಕ: ಯಾರಿಗೆ ಯಾವುದು ಹಿಡಿಸುತ್ತದೆ? ಓದಿ, ಓದಿಸಿ ನೋಡಿದ ಹೋಲಿಕೆ

ಹಾಸ್ಯದ ಪುಸ್ತಕ ಆರಿಸುವಾಗ ಹೆಚ್ಚಿನವರು ರಕ್ಷಾಪುಟದ ಮೇಲೆ ಅಚ್ಚಾದ ವಯಸ್ಸನ್ನು ನೋಡುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಆ ಪುಸ್ತಕದಲ್ಲಿ ನಗು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು. ಚಿತ್ರದಿಂದಲೋ, ಶಬ್ದದಿಂದಲೋ, ಘಟನೆಯಿಂದಲೋ, ಪಾತ್ರದ ಸ್ವಭಾವದಿಂದಲೋ, ವಾಕ್ಯದ ತಿರುವಿನಿಂದಲೋ? ಇಷ್ಟು ತಿಳಿದರೆ ಪುಸ್ತಕವನ್ನು ಯಾರಿಗೆ ಕೊಡಬೇಕು, ಗಟ್ಟಿಯಾಗಿ ಓದಬೇಕೋ ಮನಸ್ಸಿನಲ್ಲೇ ಓದಬೇಕೋ, ಒಂದು ಸಲಕ್ಕೆ ಎಷ್ಟು ಓದಬೇಕು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ನಾಲ್ಕು ವರ್ಷದ ಮಕ್ಕಳಿಂದ ಎಪ್ಪತ್ತು ದಾಟಿದವರ ತನಕ ಓದಿಸಿ ನೋಡಿ ಕಂಡದ್ದು ಇದು.

ಚಿತ್ರಪುಸ್ತಕವೋ, ಅಸಂಬದ್ಧ ಪದ್ಯವೋ

ನಾಲ್ಕರಿಂದ ಏಳು ವರ್ಷದವರಿಗೆ ಈ ಎರಡೂ ಹಿಡಿಸುತ್ತವೆ, ಆದರೆ ಎರಡೂ ಕೆಲಸ ಮಾಡುವ ರೀತಿ ಬೇರೆ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದು, ಓದಿ ಮುಗಿಸಲು ಐದಾರು ನಿಮಿಷ ಸಾಕು. ಅದರ ನಗು ಇರುವುದು ಪುಟ ತಿರುಗಿಸುವ ಗಳಿಗೆಯಲ್ಲಿ. ಬಲಪುಟದ ಕೊನೆಯ ಸಾಲು ಒಂದು ನಿರೀಕ್ಷೆ ಹುಟ್ಟಿಸುತ್ತದೆ, ಮುಂದಿನ ಚಿತ್ರ ಅದನ್ನು ಮುರಿಯುತ್ತದೆ. ಓದುವವರು ಸಾಲು ಮುಗಿಯುವ ಮೊದಲೇ ಹಾಳೆ ಎತ್ತಿದರೆ ಮಗುವಿನ ಕಣ್ಣು ಚಿತ್ರಕ್ಕೆ ಹೋಗಿಬಿಡುತ್ತದೆ, ಮಾತು ಹಿಂದೆ ಬೀಳುತ್ತದೆ, ನಗು ಸಪ್ಪೆಯಾಗುತ್ತದೆ. ಸಾಲು ಮುಗಿಸಿ, ಹಾಳೆಯ ಅಂಚು ಹಿಡಿದು, ಒಂದೆರಡು ಕ್ಷಣ ತಡೆದು ತಿರುಗಿಸಬೇಕು. ಮೊಬೈಲ್‌ ಪರದೆಯಲ್ಲಿ ಇದೇ ಪುಸ್ತಕ ಸೋಲುವುದೂ ಈ ಕಾರಣಕ್ಕೇ. ಅಲ್ಲಿ ಎರಡು ಪುಟದ ಚಿತ್ರ ತುಂಡಾಗುತ್ತದೆ, ತಡೆದು ತಿರುಗಿಸುವ ಹಾಳೆಯೇ ಇರುವುದಿಲ್ಲ.

ಅಸಂಬದ್ಧ ಪದ್ಯಕ್ಕೆ ಚಿತ್ರ ಬೇಕಾಗಿಲ್ಲ, ಕಿವಿ ಸಾಕು. ಇಂಥ ಎರಡು ಸಾಲು ತೆಗೆದುಕೊಳ್ಳಿ:

ಅಟ್ಟದ ಮೇಲೆ ಬೆಟ್ಟ ಕೂತು ಬುಟ್ಟಿ ಹೆಣೆದಿತ್ತು,
ಬುಟ್ಟಿಯ ಒಳಗೆ ಅಟ್ಟ ಕೂತು ಬೆಟ್ಟ ಎಣಿಸಿತ್ತು.

ಇಲ್ಲಿ ಮಗು ನಗುವುದು ‘ಟ್ಟ’ ಒತ್ತಿನ ತಾಳಕ್ಕೆ, ಆಮೇಲೆ ಬೆಟ್ಟ ಅಟ್ಟದ ಮೇಲೆ ಕೂತ ಅಸಾಧ್ಯಕ್ಕೆ. ಬೆಟ್ಟ ಅಟ್ಟದಲ್ಲಿ ಹೇಗೆ ಹಿಡಿಯುತ್ತದೆ ಎಂದು ವಿವರಿಸಲು ಹೊರಟರೆ ಪದ್ಯ ಅಲ್ಲಿಗೆ ಮುಗಿಯಿತು. ಎರಡನೇ ಸಲ ಓದುವಾಗ ಕೊನೆಯ ಪದ ಬಿಟ್ಟು ನಿಲ್ಲಿಸಿ, ಮಗುವೇ ತುಂಬುತ್ತದೆ. ಮೂರನೇ ಸಲಕ್ಕೆ ಬೇಕೆಂದೇ ತಪ್ಪು ಪದ ಹಾಕಿದರೆ ನಗು ಇನ್ನೂ ಜೋರು. ಚಿತ್ರಪುಸ್ತಕವನ್ನೂ ಮಕ್ಕಳು ಮತ್ತೆಮತ್ತೆ ಕೇಳುತ್ತಾರೆ, ಆದರೆ ಪುಸ್ತಕ ಮುಚ್ಚಿದ ಮೇಲೂ ಬಾಯಲ್ಲಿ ಉಳಿಯುವುದು ಪದ್ಯವೇ. ಮಲಗುವ ಹೊತ್ತಿಗೆ ಮಾತ್ರ ಪದ್ಯ ಬೇಡ. ಅದು ನಿದ್ದೆ ತರುವ ಬದಲು ಮಕ್ಕಳನ್ನು ಎಬ್ಬಿಸಿ ಕುಣಿಸುತ್ತದೆ.

ಎಂಟರಿಂದ ಹದಿನೈದು: ಇಲ್ಲಿ ತಪ್ಪುವುದು ಹೆಚ್ಚು

ಏಳೆಂಟರ ಹೊತ್ತಿಗೆ ಒಂದೇ ಪದಕ್ಕೆ ಎರಡು ಅರ್ಥ ಇರುವ ಒಗಟು, ಚಟಾಕಿಗಳು ಮಕ್ಕಳಿಗೆ ಸಲೀಸಾಗಿ ಅರ್ಥವಾಗತೊಡಗುತ್ತವೆ. ವ್ಯಂಗ್ಯ, ಅಂದರೆ ಹೇಳಿದ್ದೊಂದು ಅರ್ಥ ಇನ್ನೊಂದು ಎಂಬಂಥ ಮಾತು ಪೂರಾ ದಕ್ಕಲು ಇನ್ನೂ ಕೆಲವು ವರ್ಷ ಬೇಕು. ಆದ್ದರಿಂದ ಎಂಟರವರಿಗೆ ನಗೆಹನಿ ಸಂಗ್ರಹ ಗೆಲ್ಲುತ್ತದೆ, ವ್ಯಂಗ್ಯದ ಕತೆ ಸೋಲುತ್ತದೆ. ಅದೇ ಕತೆಯನ್ನು ಹನ್ನೊಂದರಲ್ಲಿ ಕೊಟ್ಟರೆ ತಾವೇ ಹಿಡಿದು ಓದುತ್ತಾರೆ. ‘ಈ ಮಗುವಿಗೆ ಹಾಸ್ಯ ರುಚಿಸುವುದಿಲ್ಲ’ ಎಂದು ತೀರ್ಮಾನಿಸುವ ಮುನ್ನ ಮೂರು ವರ್ಷ ಕಾಯಬೇಕಾದದ್ದು ಪುಸ್ತಕ.

ಒಂಬತ್ತರಿಂದ ಹನ್ನೆರಡರವರಿಗೆ ಪೈಪೋಟಿ ಕಾಮಿಕ್ಸ್‌ಗೂ ಚಿತ್ರ ಬೆರೆತ ಡೈರಿ ಮಾದರಿಯ ಕಾದಂಬರಿಗೂ. ಓದಲು ಹಿಂಜರಿಯುವವರಿಗೆ ಡೈರಿಯೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕಾಮಿಕ್ಸ್‌ನಲ್ಲಿ ಚಿತ್ರ ಮಾತ್ರ ನೋಡಿ ಪುಟ ಹಾರಿಸಬಹುದು. ಡೈರಿಯಲ್ಲಿ ಮಾತು ಒಂದು ಹೇಳುತ್ತದೆ, ಪಕ್ಕದ ಚಿತ್ರ ಅದನ್ನು ಸುಳ್ಳು ಮಾಡುತ್ತದೆ. ನಗಬೇಕೆಂದರೆ ಎರಡನ್ನೂ ಓದಲೇಬೇಕು. ಆದರೆ ಇದನ್ನು ಗಟ್ಟಿಯಾಗಿ ಓದಿಸಬೇಡಿ. ಇಂಥ ಪುಸ್ತಕದ ನಗು ಪೇಚಿನಿಂದ, ಮುಜುಗರದಿಂದ ಬರುವಂಥದ್ದು. ಹತ್ತು ಜನರ ಮುಂದೆ ಓದಿದರೆ ಆ ಮುಜುಗರ ಪಾತ್ರದ್ದಾಗಿ ಉಳಿಯದೆ ಓದುವ ಹುಡುಗನದ್ದೇ ಆಗಿಬಿಡುತ್ತದೆ.

ಹದಿಹರೆಯದವರು ಪತ್ತೇದಾರಿ, ಭೂತ, ವೈಜ್ಞಾನಿಕ ಕತೆಗಳ ಹಾಸ್ಯರೂಪಗಳನ್ನು ಇಷ್ಟಪಡುತ್ತಾರೆ, ಒಂದು ಷರತ್ತಿನ ಮೇಲೆ. ಅಣಕಕ್ಕೆ ಮೂಲ ಗೊತ್ತಿರಬೇಕು. ಕೊನೆಯಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಕೊಲೆಗಾರನತ್ತ ಬೆರಳು ತೋರಿಸುವ ಪದ್ಧತಿ ಗೊತ್ತಿಲ್ಲದವನಿಗೆ, ಪತ್ತೇದಾರ ಬೆರಳು ತೋರಿಸಿದ ಕುರ್ಚಿ ಖಾಲಿ ಇದ್ದರೆ ಯಾಕೆ ನಗಬೇಕು? ಮೊದಲು ಎರಡು ಮೂರು ಗಂಭೀರ ಪತ್ತೇದಾರಿ ಕಾದಂಬರಿ, ಆಮೇಲೆ ಅಣಕ. ಈ ಕ್ರಮ ತಲೆಕೆಳಗಾದರೆ ಪುಸ್ತಕ ಮೂವತ್ತನೇ ಪುಟಕ್ಕೇ ನಿಲ್ಲುತ್ತದೆ.

ದೊಡ್ಡವರ ಕಪಾಟು

ನಗೆಹನಿ ಸಂಗ್ರಹಕ್ಕೂ ಹರಟೆ ಅಥವಾ ಲಲಿತ ಪ್ರಬಂಧಕ್ಕೂ ಇರುವ ವ್ಯತ್ಯಾಸ ಅರ್ಧ ಗಂಟೆ ಓದಿದರೆ ತಿಳಿಯುತ್ತದೆ. ನಗೆಹನಿಗಳನ್ನು ಒಂದು ಸಲಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಓದಿದರೆ ಸುಸ್ತಾಗುತ್ತದೆ. ಪ್ರತಿಯೊಂದಕ್ಕೂ ಮನಸ್ಸು ಹೊಸ ಸನ್ನಿವೇಶ ಕಟ್ಟಿಕೊಳ್ಳಬೇಕು, ಅಷ್ಟರಲ್ಲಿ ಬರೆಯುವ ಅಚ್ಚು ಗೊತ್ತಾಗಿ ಕೊನೆಯ ಸಾಲು ಮೊದಲೇ ಹೊಳೆಯುತ್ತದೆ. ಪ್ರಬಂಧದಲ್ಲಿ ಇದು ತಿರುಗುಮುರುಗು. ಮೊದಲ ಎರಡು ಪುಟ ನಿಧಾನ, ದನಿ ಪರಿಚಯವಾದ ಮೇಲೆ ಸಣ್ಣ ಮಾತಿಗೂ ನಗು. ಬಸ್ಸು, ಸರದಿಯ ಸಾಲುಗಳಲ್ಲಿ ಸಿಗುವ ಐದು ನಿಮಿಷಕ್ಕೆ ನಗೆಹನಿ ಸರಿ, ಇಪ್ಪತ್ತು ನಿಮಿಷ ಇದ್ದರೆ ಪ್ರಬಂಧ. ಹಳೆಯ ನಗೆಹನಿ ಸಂಗ್ರಹ ಮಕ್ಕಳ ಕೈಗೆ ಕೊಡುವ ಮುನ್ನ ಒಮ್ಮೆ ನೀವೇ ಓದಿ. ತೊದಲುವವರು, ದಪ್ಪಗಿರುವವರು, ಹೆಂಡತಿಯರು ಇವರನ್ನೇ ಗುರಿ ಮಾಡಿದವು ಅದರಲ್ಲಿ ಸಾಕಷ್ಟಿರುತ್ತವೆ, ಕೇಳುವವರಲ್ಲಿ ಒಬ್ಬರಿಗೆ ಚುಚ್ಚಿದರೂ ಕೂಟ ಕೆಡುತ್ತದೆ.

ದೀರ್ಘ ಹಾಸ್ಯ ಕಾದಂಬರಿಯನ್ನು ಒಂದೇ ಉಸಿರಿಗೆ ಮುಗಿಸುವವರು ಅದನ್ನು ಅರ್ಧ ಮಾತ್ರ ಸವಿಯುತ್ತಾರೆ. ಇಂಗ್ಲಿಷ್‌ ಕಾದಂಬರಿಕಾರ ಡಿಕನ್ಸ್‌ನ ‘ಪಿಕ್‌ವಿಕ್‌ ಪೇಪರ್ಸ್‌’ 1836–37ರಲ್ಲಿ ತಿಂಗಳಿಗೊಂದು ಕಂತಾಗಿ ಬಂತು, ಅದರ ನಗುವಿನ ಅಳತೆಯೂ ಕಂತಿನದ್ದೇ. ದಿನಕ್ಕೆ ಎರಡು ಅಧ್ಯಾಯ ಸಾಕು. ಹಾಗೆಂದು ವಾರಗಟ್ಟಲೆ ಬಿಟ್ಟರೆ ಪಾತ್ರಗಳ ಹಳೆಯ ಹಠ, ಹಳೆಯ ಮಾತು ಮರೆತುಹೋಗುತ್ತವೆ. ಕಾದಂಬರಿಯಲ್ಲಿ ನಗು ಬರುವುದೇ ‘ಇವರು ಮತ್ತೆ ಹಾಗೇ ಮಾಡಿದರು’ ಎಂಬ ನೆನಪಿನಿಂದ.

ವಿಡಂಬನೆ ಬೇಗ ಹಳಸುತ್ತದೆ. 1726ರ ‘ಗಲಿವರನ ಪ್ರವಾಸ’ವನ್ನು ಇಂದು ಮಕ್ಕಳು ಕುಳ್ಳರ, ದೈತ್ಯರ ಸಾಹಸವೆಂದು ಓದುತ್ತಾರೆ. ಅದು ಆ ಕಾಲದ ರಾಜಕಾರಣಕ್ಕೆ ಕೊಟ್ಟ ಏಟು ಅಡಿಟಿಪ್ಪಣಿ ಇಲ್ಲದೆ ಇಂದಿನ ದೊಡ್ಡವರಿಗೂ ಕಾಣುವುದಿಲ್ಲ. ವಿಡಂಬನೆ ಕೊಳ್ಳುವಾಗ ಟಿಪ್ಪಣಿ ಇರುವ ಆವೃತ್ತಿ ಹುಡುಕಿ. ಮೊದಲು ಟಿಪ್ಪಣಿ ನೋಡದೆ ಒಂದು ಅಧ್ಯಾಯ ಓದಿ, ಆಮೇಲೆ ಟಿಪ್ಪಣಿಗೆ ಬನ್ನಿ. ಸಾಲುಸಾಲಿಗೂ ಕೆಳಗೆ ನೋಡುತ್ತ ಹೋದರೆ ಓಟ ತಪ್ಪುತ್ತದೆ.

ಅನುವಾದವನ್ನು ಪರೀಕ್ಷಿಸುವ ಬಗೆ

ಹಾಸ್ಯ ಅನುವಾದದಲ್ಲಿ ಸಾಯುವುದು ಪದದಿಂದ ಎಂದು ಹಲವರು ಅಂದುಕೊಂಡಿದ್ದಾರೆ. ಹೆಚ್ಚಾಗಿ ಸಾಯುವುದು ಪದಗಳ ಸರದಿಯಿಂದ. ಇದನ್ನು ನೋಡಿ:

‘ಗಡಿಯಾರ ಕೆಟ್ಟಿದ್ದರಿಂದ ಮಾವ ವರ್ಷದಲ್ಲಿ ಒಂದು ದಿನ ಬೇಗ ಎದ್ದರು.’

‘ಮಾವ ವರ್ಷದಲ್ಲಿ ಒಂದೇ ಒಂದು ದಿನ ಬೇಗ ಎದ್ದರು, ಅದೂ ಗಡಿಯಾರ ಕೆಟ್ಟಿತ್ತು ಅಂತ.’

ಮೊದಲನೆಯದು ಸುದ್ದಿ, ಎರಡನೆಯದು ನಗು. ಇಂಗ್ಲಿಷ್‌ನಲ್ಲಿ ಕಾರಣ ವಾಕ್ಯದ ಬಾಲದಲ್ಲಿ ಬರುವುದು ಸಹಜ. ಕನ್ನಡ ವ್ಯಾಕರಣ ಅದನ್ನು ಮುಂದಕ್ಕೆ ಎಳೆಯುತ್ತದೆ, ಗುಟ್ಟು ಮೊದಲೇ ಒಡೆಯುತ್ತದೆ. ಒಳ್ಳೆಯ ಅನುವಾದಕರು ವಾಕ್ಯವನ್ನು ಎರಡಾಗಿ ಒಡೆದು ಏಟನ್ನು, ಅಂದರೆ ನಗು ಹುಟ್ಟಿಸುವ ಮಾತನ್ನು, ಕೊನೆಗೆ ಇಡುತ್ತಾರೆ. ಕೊಳ್ಳುವ ಮುನ್ನ ಪುಸ್ತಕದ ನಡುವೆ ಎಲ್ಲಾದರೂ ಎರಡು ಪುಟ ತೆಗೆದು, ‘ಇದ್ದರಿಂದ’, ‘ಆದ ಕಾರಣ’ ಎಂದು ಕಾರಣವನ್ನೇ ಮೊದಲು ಹೇಳುವ ಉದ್ದ ವಾಕ್ಯಗಳು ಎಷ್ಟಿವೆ ನೋಡಿ. ಅವೇ ತುಂಬಿದ್ದರೆ ಬೇರೆ ಅನುವಾದ ಹುಡುಕುವುದು ಮೇಲು. ಮೊದಲ ಅಧ್ಯಾಯ ನೋಡಿ ಅಳೆಯಬೇಡಿ, ಅದನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ.

ಕೇಳುವುದೋ, ಓದುವುದೋ, ಎಲ್ಲರೂ ಒಟ್ಟಿಗೆ ಕೂತಾಗ ಯಾವುದು

ಸಂಭಾಷಣೆ, ಆಡುಮಾತು ತುಂಬಿದ ಪುಸ್ತಕ ಆಡಿಯೋದಲ್ಲಿ ಗೆಲ್ಲುತ್ತದೆ. ಕಣ್ಣಿಗೆ ತೊಡಕಾಗುವ ಆಡುಮಾತಿನ ಬರಹ ಕಿವಿಗೆ ನೇರ ಇಳಿಯುತ್ತದೆ. ಇಂಗ್ಲಿಷ್‌ ಲೇಖಕ ಡಗ್ಲಸ್‌ ಆಡಮ್ಸ್‌ನ ‘ಹಿಚ್‌ಹೈಕರ್ಸ್‌ ಗೈಡ್‌ ಟು ದ ಗ್ಯಾಲಕ್ಸಿ’ ಎಂಬ ಹಾಸ್ಯಕತೆ 1978ರಲ್ಲಿ ರೇಡಿಯೋದಲ್ಲಿ ಶುರುವಾಗಿ 1979ರಲ್ಲಿ ಪುಸ್ತಕವಾದದ್ದು, ಹಾಗಾಗಿ ಕೇಳಿದರೂ ಕಳೆಗುಂದುವುದಿಲ್ಲ. ವೇಗವನ್ನು ಮಾತ್ರ ಹೆಚ್ಚಿಸಬೇಡಿ. ಮಾಹಿತಿ ಪುಸ್ತಕವನ್ನು ಒಂದೂವರೆ ಪಟ್ಟು ಓಡಿಸಿದರೆ ನಷ್ಟವಿಲ್ಲ, ಹಾಸ್ಯದಲ್ಲಿ ಮಾತಿನ ನಡುವಿನ ಮೌನವೇ ಅರ್ಧ ಕೆಲಸ ಮಾಡುತ್ತದೆ. ಅಡಿಟಿಪ್ಪಣಿಯಲ್ಲೇ ನಗೆ ಇಟ್ಟ ಪುಸ್ತಕ, ಚಿತ್ರ ಬೆರೆತ ಡೈರಿ, ಕಾಮಿಕ್ಸ್‌ ಇವು ಆಡಿಯೋಗೆ ಒಗ್ಗುವುದಿಲ್ಲ.

ಹಿರಿಯರಿಗೆ ಹಾಸ್ಯದ ಆತ್ಮಕಥನ, ಬಿಡಿ ಪ್ರಸಂಗಗಳು ಹೆಚ್ಚು ಹಿಡಿಸುತ್ತವೆ. ಅಕ್ಷರ ಕನಿಷ್ಠ 14 ಪಾಯಿಂಟ್‌ ಇರಲಿ. ಒತ್ತಕ್ಷರ ಬಿಡಿಸಿ ಓದಲು ಕಣ್ಣು ಒದ್ದಾಡಿದರೆ ನಗುವಿನ ಗಳಿಗೆ ದಾಟಿಹೋಗಿರುತ್ತದೆ.

ಎಂಟರವರೂ ಎಪ್ಪತ್ತರವರೂ ಒಂದೇ ಕೋಣೆಯಲ್ಲಿ ಕೂತರೆ ನಾವು ಆರಿಸುವುದು ಘಟನೆ ಪ್ರಧಾನವಾದ ಬಿಡಿ ಪ್ರಸಂಗಗಳ ಪುಸ್ತಕವನ್ನು, ಒಂದೊಂದು ಪ್ರಸಂಗ 1,500 ಪದ ಮೀರದಂತೆ. ನಿಮಿಷಕ್ಕೆ ಸುಮಾರು 100 ಪದದಂತೆ ಓದಿದರೆ ಅದು ಕಾಲು ಗಂಟೆ. ಬೀಳುವುದು, ಕಳೆಯುವುದು, ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯುವುದು ಚಿಕ್ಕವರನ್ನು ನಗಿಸುತ್ತದೆ, ಬಿದ್ದವರ ಜಂಭ ದೊಡ್ಡವರನ್ನು. ಮೊದಲೇ ಒಮ್ಮೆ ಓದಿ, ಏಟಿನ ಸಾಲುಗಳ ಪಕ್ಕ ಪೆನ್ಸಿಲ್‌ ಗುರುತು ಹಾಕಿ. ಗುರುತು ಬಂದಾಗ ದನಿ ಏರಿಸದೆ, ನೀವು ನಗದೆ, ಸಾಲನ್ನು ಪೂರ್ತಿ ಹೇಳಿ ನಿಲ್ಲಿಸಿ. ಚಿಕ್ಕವರು ತಕ್ಷಣ ನಗುತ್ತಾರೆ, ದೊಡ್ಡವರ ನಗು ಒಂದು ಕ್ಷಣ ತಡವಾಗಿ ಬರುತ್ತದೆ. ಆ ಎರಡನೇ ನಗು ಇಳಿಯುವ ತನಕ ಮುಂದಿನ ಸಾಲಿಗೆ ಹೋಗಬೇಡಿ.