ಕ್ಲ್ಯಾಪಮ್ ಸೌತ್‌ನ ನೆಲದಡಿಯ ಆಶ್ರಯತಾಣ: 180 ಮೆಟ್ಟಿಲು ಇಳಿದು ನೋಡಿದ್ದು

ದಕ್ಷಿಣ ಲಂಡನ್ನಿನ ಬ್ಯಾಲಮ್‌ನಲ್ಲಿ ನಾವು ಮನೆ ಮಾಡಿ ಒಂಬತ್ತು ವರ್ಷಗಳಾದವು. ಈ ಒಂಬತ್ತು ವರ್ಷವೂ, ಸಂಜೆ ಕ್ಲ್ಯಾಪಮ್ ಕಾಮನ್ ಮೈದಾನದ ಕಡೆ ನಡೆದುಹೋದಾಗಲೆಲ್ಲ, ರಸ್ತೆಯ ಪಕ್ಕದಲ್ಲಿ ಡಬ್ಬದಂತೆ ದುಂಡಗೆ ನಿಂತಿರುವ ಕಾಂಕ್ರೀಟ್ ಕಟ್ಟಡವೊಂದನ್ನು ನೋಡುತ್ತಿದ್ದೆ. ನೀರಿನ ಟ್ಯಾಂಕ್ ಇರಬೇಕೆಂದು ಊಹಿಸಿದ್ದೆನೇ ಹೊರತು ಯಾರನ್ನೂ ಕೇಳಿರಲಿಲ್ಲ. ಅದು ಎರಡನೆಯ ಮಹಾಯುದ್ಧದ ಕಾಲದ ಸುರಂಗಗಳಿಗೆ ಇಳಿಯುವ ಬಾಗಿಲು, ಅದರಡಿಯಲ್ಲಿ 8,000 ಜನ ಮಲಗುವಷ್ಟು ಜಾಗವಿದೆ ಎಂಬುದು ತಿಳಿದದ್ದು ಹದಿನಾಲ್ಕು ವರ್ಷದ ಮಗಳು ಶಾಲೆಯ ಇತಿಹಾಸದ ಪಾಠಕ್ಕೆಂದು ಮಾಹಿತಿ ಹುಡುಕುತ್ತಿದ್ದಾಗ. ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಇಂಥದ್ದೊಂದು ಇದ್ದೂ ನೋಡದೆ ಇರುವುದು ಹೇಗೆಂದು ಇಬ್ಬರೂ ಟಿಕೆಟ್ ತೆಗೆದುಕೊಂಡೆವು.

ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ‘ಹಿಡನ್ ಲಂಡನ್’ ಎಂಬ ಹೆಸರಿನಲ್ಲಿ ನಡೆಸುವ ಪ್ರವಾಸಗಳಲ್ಲಿ ಇದೂ ಒಂದು. ಬೇಕೆಂದಾಗ ಹೋಗಿ ಬಾಗಿಲು ತಟ್ಟುವ ಜಾಗ ಇದಲ್ಲ. ಮ್ಯೂಸಿಯಂನವರು ನಿಗದಿತ ದಿನಗಳ ಟಿಕೆಟ್‌ಗಳನ್ನು ತಮ್ಮ ಜಾಲತಾಣದಲ್ಲಿ ಬಿಡುಗಡೆ ಮಾಡುತ್ತಾರೆ, ಮೊದಲೇ ಕಾದಿರಿಸಿಕೊಂಡವರು ಸಣ್ಣ ಗುಂಪಾಗಿ ಮಾರ್ಗದರ್ಶಕರ ಜೊತೆಗೆ ಇಳಿಯಬೇಕು. ಇಳಿಯಲು ಸುಮಾರು 180 ಮೆಟ್ಟಿಲುಗಳು, ಹತ್ತಲೂ ಅಷ್ಟೇ. ಮಂಡಿನೋವಿನವರು ಮತ್ತು ಏದುಸಿರಿನ ತೊಂದರೆ ಇರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗುವ ಆಸೆಯನ್ನು ನಾನು ಈ ಕಾರಣಕ್ಕೇ ಕೈಬಿಟ್ಟೆ.

ಈ ಸುರಂಗಗಳನ್ನು ಏಕೆ ತೋಡಿದರು ಎಂಬುದನ್ನು ತಿಳಿಯಲು ನಮ್ಮ ಬ್ಯಾಲಮ್ ನಿಲ್ದಾಣದಿಂದಲೇ ಆರಂಭಿಸಬೇಕು. 1940ರ ಸೆಪ್ಟೆಂಬರ್ 7ರಂದು ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ದೊಡ್ಡ ಪ್ರಮಾಣದ ದಾಳಿ ಆರಂಭಿಸಿದಾಗ, ಜನ ಹಾಸಿಗೆ ಕಂಬಳಿ ಹೊತ್ತು, ಇಲ್ಲಿ ‘ಟ್ಯೂಬ್’ ಎಂದು ಕರೆಯುವ ಭೂಗತ ರೈಲಿನ ನಿಲ್ದಾಣಗಳಿಗೆ ಇಳಿದು ಪ್ಲಾಟ್‌ಫಾರ್ಮ್‌ಗಳ ಮೇಲೆ ಮಲಗತೊಡಗಿದರು. ಸರ್ಕಾರಕ್ಕೆ ಮೊದಲಿಗೆ ಅದು ಇಷ್ಟವಿರಲಿಲ್ಲ, ಆದರೆ ಜನರನ್ನು ತಡೆಯಲಾಗಲಿಲ್ಲ. ಅಕ್ಟೋಬರ್ 14ರ ರಾತ್ರಿ ಎಂಟರ ಸುಮಾರಿಗೆ ಬ್ಯಾಲಮ್ ಹೈ ರೋಡ್ ಮೇಲೆ ಬಿದ್ದ ಬಾಂಬ್ ರಸ್ತೆಯನ್ನು ಸೀಳಿ, ಅಡಿಯಲ್ಲಿದ್ದ ಸುರಂಗವನ್ನು ಒಡೆದು, ನೀರಿನ ಪೈಪುಗಳನ್ನೂ ಒಳಚರಂಡಿಯನ್ನೂ ಛಿದ್ರಗೊಳಿಸಿತು. ಸುರಕ್ಷಿತವೆಂದು ನಂಬಿ ಕೆಳಗೆ ಮಲಗಿದ್ದ ಅರವತ್ತಕ್ಕೂ ಹೆಚ್ಚು ಜನ ಮಣ್ಣು, ನೀರು ಮತ್ತು ಕೊಚ್ಚೆಯಲ್ಲಿ ಸಿಲುಕಿ ಸತ್ತರು. ಮೇಲೆ, ಕತ್ತಲಲ್ಲಿ ಬರುತ್ತಿದ್ದ ಬಸ್ಸೊಂದು ಆ ಗುಂಡಿಯೊಳಗೆ ಮುಗ್ಗರಿಸಿ ಬಿತ್ತು. ದಿನವೂ ಕೆಲಸಕ್ಕೆ ಹೋಗುವಾಗ ನಾನು ಇಳಿಯುವ ನಿಲ್ದಾಣ ಅದು. ಅಲ್ಲಿ ಸತ್ತವರ ನೆನಪಿಗೆ ಒಂದು ಫಲಕವಿದೆ. ಈ ಪ್ರವಾಸದ ನಂತರವಷ್ಟೇ ನಾನು ಅದರ ಮುಂದೆ ನಿಂತು ಪೂರ್ತಿ ಓದಿದೆ.

ಟ್ಯೂಬ್ ನಿಲ್ದಾಣಗಳಿಗಿಂತಲೂ ಆಳದಲ್ಲಿ ಆಶ್ರಯತಾಣಗಳು ಬೇಕೆಂದು ಆ ವರ್ಷದ ಕೊನೆಯಲ್ಲಿ ಸರ್ಕಾರ ತೀರ್ಮಾನಿಸಿತು. ಹತ್ತು ಕಡೆ ತೋಡುವ ಯೋಜನೆಯಲ್ಲಿ ಪೂರ್ಣಗೊಂಡದ್ದು ಎಂಟು. ಕ್ಲ್ಯಾಪಮ್ ಸೌತ್ ಅವುಗಳಲ್ಲೊಂದು. ಯುದ್ಧ ಮುಗಿದ ಮೇಲೆ ಇವುಗಳನ್ನು ಜೋಡಿಸಿ ವೇಗದ ರೈಲು ಮಾರ್ಗವೊಂದನ್ನು ಮಾಡುವ ಅವಕಾಶವಿರಲೆಂದು ಜೋಡಿ ಸುರಂಗಗಳನ್ನು ಸಮಾನಾಂತರವಾಗಿ ತೋಡಿದರು. ಆ ರೈಲು ಎಂದೂ ಓಡಲಿಲ್ಲ. ಹಣ ಮತ್ತು ಕಾರ್ಮಿಕರ ಕೊರತೆಯಿಂದ ಕೆಲಸ ಎಳೆಯುತ್ತಾ 1942ರಲ್ಲಿ ಮುಗಿಯುವ ಹೊತ್ತಿಗೆ ಬಾಂಬ್ ದಾಳಿಯ ಆ ಭೀಕರ ಅಧ್ಯಾಯವೇ ಮುಗಿದಿತ್ತು. ಜನರಿಗೆ ಬಾಗಿಲು ತೆರೆದದ್ದು 1944ರ ಜುಲೈನಲ್ಲಿ, ಚಾಲಕರಿಲ್ಲದ ವಿ-1 ಹಾರುಬಾಂಬುಗಳು ಬರತೊಡಗಿದ ಮೇಲೆ.

ನಾವು ಇಳಿದ ಬಾವಿಯಲ್ಲಿ ಎರಡು ಸುರುಳಿ ಮೆಟ್ಟಿಲುಗಳು ಒಂದಕ್ಕೊಂದು ಹೆಣೆದುಕೊಂಡು ಇಳಿಯುತ್ತವೆ. ಒಂದೇ ಬಾವಿಯಲ್ಲಿ ಎರಡು ಪಟ್ಟು ಜನ ಬೇಗ ಇಳಿಯಲೆಂದು ಮಾಡಿದ ಏರ್ಪಾಡು ಅದು. ಕೆಳಗೆ ತಲುಪಿದ ಮೇಲೆ ಕಾಣುವುದು ಐದು ಮೀಟರ್ ವ್ಯಾಸದ ಕೊಳವೆ. ನಡುವೆ ನೆಲ ಹಾಕಿ ಅದನ್ನು ಮೇಲಿನ ಮತ್ತು ಕೆಳಗಿನ ಎರಡು ಅಂತಸ್ತುಗಳಾಗಿ ಮಾಡಿದ್ದಾರೆ. ಇಂಥ ಎರಡು ಕೊಳವೆಗಳು ಮುನ್ನೂರೈವತ್ತು ಮೀಟರಿಗೂ ಹೆಚ್ಚು ಉದ್ದಕ್ಕೆ ಸಾಗುತ್ತವೆ, ನಡುನಡುವೆ ಅಡ್ಡ ಸುರಂಗಗಳು. ಸಾವಿರಾರು ಜನ ನಿದ್ದೆಗಣ್ಣಿನಲ್ಲಿ ದಾರಿ ತಪ್ಪಬಾರದೆಂದು ಪ್ರತಿ ವಿಭಾಗಕ್ಕೂ ನೌಕಾಪಡೆಯ ದಳಪತಿಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದರು. ಹಾರ್ಡಿ, ಇಂಗಲ್‌ಫೀಲ್ಡ್, ಜೆಲ್ಲಿಕೋ ಎಂದು ಫಲಕಗಳನ್ನು ಓದುತ್ತಾ ನಡೆದಾಗ, ಮುಂದಿನ ಅಕ್ಷರ ಯಾವುದೆಂದು ಮಗಳು ಮೊದಲೇ ಹೇಳತೊಡಗಿದಳು. ಎಂಬತ್ತು ವರ್ಷದ ಹಿಂದೆ ಮಾಡಿದ ಗುರುತು ಇವತ್ತಿಗೂ ಒಂದು ಮಗುವಿಗೆ ದಾರಿ ತೋರಿಸುತ್ತಿತ್ತು.

ಮಲಗುವ ಜಾಗಗಳನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ರೈಲಿನ ಸ್ಲೀಪರ್ ಬೋಗಿ. ಗೋಡೆಯ ಉದ್ದಕ್ಕೆ ಸೈಡ್ ಬರ್ತ್‌ಗಳಂಥ ಸಾಲು, ಇನ್ನೊಂದು ಬದಿಗೆ ಅಡ್ಡಲಾಗಿ ಕೆಳಗೆ, ನಡುವೆ, ಮೇಲೆ ಎಂದು ಮೂರು ಹಂತದ ಕಬ್ಬಿಣದ ಮಂಚಗಳು. ಒಂದು ಮಂಚದ ಮುಂದೆ ಬಹಳ ಹೊತ್ತು ನಿಂತೆ. ಚೌಕಟ್ಟಿನ ಕಬ್ಬಿಣಕ್ಕೆ ಅಲ್ಲಲ್ಲಿ ತುಕ್ಕು ಹಿಡಿದು, ಬಣ್ಣ ಹಕ್ಕಳೆಯಂತೆ ಎದ್ದಿತ್ತು. ನಡುವಿನ ಮಂಚಕ್ಕೂ ಮೇಲಿನದಕ್ಕೂ ಇರುವ ಅಂತರವನ್ನು ಗೇಣಿನಿಂದ ಅಳೆದೆ. ಎದ್ದು ಕೂರಲು ಸಾಧ್ಯವೇ ಇಲ್ಲ. ಹಾಸಿಗೆಯನ್ನು ಜನರೇ ತರಬೇಕಿತ್ತು. ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ, ಟಿಕೆಟ್‌ನಲ್ಲಿ ಯಾರ ಮಂಚ ಯಾವುದೆಂದು ನಮೂದಾಗಿರುತ್ತಿತ್ತು. ಕ್ಯಾಂಟೀನಿನಲ್ಲಿ ಚಹಾ, ತಿಂಡಿ ಸಿಗುತ್ತಿತ್ತು, ಔಷಧೋಪಚಾರದ ಕೋಣೆಯಿತ್ತು. ಶೌಚಾಲಯಗಳು ನಗರದ ಒಳಚರಂಡಿಗಿಂತ ಎಷ್ಟೋ ಕೆಳಗಿದ್ದುದರಿಂದ ಹೊಲಸನ್ನೆಲ್ಲ ಪಂಪ್ ಮಾಡಿ ಮೇಲಕ್ಕೆ ಕಳಿಸಬೇಕಾಗಿತ್ತು. ಯುದ್ಧವೆಂದರೆ ನಕ್ಷೆ, ಫಿರಂಗಿ, ಸೇನಾಪತಿ ಎಂದು ಕಲಿತು ಬಂದ ನನಗೆ, ಎಂಟು ಸಾವಿರ ಜನರಿಗೆ ಒಂದು ರಾತ್ರಿ ನಿದ್ದೆ ಕೊಡಲು ಇಷ್ಟೆಲ್ಲ ಯೋಚಿಸಬೇಕೆಂಬುದು ಹೊಳೆದಿರಲೇ ಇಲ್ಲ.

ಇಲ್ಲಿ ನನ್ನದೇ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಕನ್ನಡಿಗರಿಗೆ ಇದು ಮನೆಯ ಸಂಗತಿ. ವಿ-1 ಬಾಂಬಿನ ಸದ್ದು ಆಕಾಶದಲ್ಲಿ ಕೇಳುತ್ತಿರುವಷ್ಟು ಹೊತ್ತು ಭಯವಿರಲಿಲ್ಲ, ಸದ್ದು ತಟಕ್ಕನೆ ನಿಂತರೆ ಅದು ಬೀಳುತ್ತಿದೆ ಎಂದರ್ಥ. ಅವು ಲಂಡನ್ ತಲುಪುವ ಮೊದಲೇ ಹೊಡೆದುರುಳಿಸಲು ದಕ್ಷಿಣ ಇಂಗ್ಲೆಂಡಿನ ಮೇಲೆ ಹಾರುತ್ತಿದ್ದ ದಳಗಳಲ್ಲಿ 129ನೆಯ ‘ಮೈಸೂರು’ ಸ್ಕ್ವಾಡ್ರನ್ ಕೂಡ ಇತ್ತು. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಯ ಗೌರವಾರ್ಥವಾಗಿ ಆ ಹೆಸರು ಪಡೆದು 1941ರಲ್ಲಿ ರೂಪುಗೊಂಡ ಆ ದಳದ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡ. ಕ್ಲ್ಯಾಪಮ್‌ನ ಜನ ಈ ಮಂಚಗಳ ಮೇಲೆ ಮಲಗಿದ್ದ ಅದೇ ಬೇಸಿಗೆಯಲ್ಲಿ ಗಂಡಭೇರುಂಡದ ಗುರುತಿನ ದಳವೊಂದು ಅವರನ್ನು ಕಾಯಲು ಹಾರುತ್ತಿತ್ತು ಎಂದು ಸುರಂಗದಲ್ಲೇ ಮಗಳಿಗೆ ಹೇಳಿದಾಗ, ಅವಳು ಮೊದಲು ನಂಬಲಿಲ್ಲ.

ಆದರೆ ಈ ಪ್ರವಾಸವನ್ನು ಮರೆಯಲಾಗದಂತೆ ಮಾಡುವುದು ಯುದ್ಧ ಮುಗಿದ ಮೇಲಿನ ಕಥೆ. 1948ರ ಜೂನ್‌ನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಕೆರಿಬಿಯನ್ ದ್ವೀಪಗಳಿಂದ ಟಿಲ್ಬರಿ ಬಂದರಿಗೆ ಬಂದಾಗ, ಅದರಿಂದ ಇಳಿದವರಲ್ಲಿ ಉಳಿಯಲು ಜಾಗವಿಲ್ಲದ ಸುಮಾರು 236 ಜನರಿಗೆ ಇದೇ ಸುರಂಗದಲ್ಲಿ ಮಲಗಲು ವ್ಯವಸ್ಥೆ ಮಾಡಲಾಯಿತು. ಹಲವರು ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ದುಡಿದವರೇ. ಸಮುದ್ರದ ಬಿಸಿಲಿನಿಂದ ನೇರವಾಗಿ ನೆಲದಡಿಗೆ, ಅದೇ ಕಬ್ಬಿಣದ ಮಂಚಗಳಿಗೆ, ತಲೆಯ ಮೇಲೆ ರೈಲಿನ ಗಡಗಡ ಸದ್ದಿಗೆ ಬಂದರು. ಹತ್ತಿರದ ಉದ್ಯೋಗ ವಿನಿಮಯ ಕೇಂದ್ರ ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿತ್ತು. ಬೆಳಗ್ಗೆ ಮೇಲಕ್ಕೆ ಹತ್ತಿ ಕೆಲಸ ಕೇಳಲು ಅಲ್ಲಿಗೆ ಹೋದರು, ಕೆಲವೇ ವಾರಗಳಲ್ಲಿ ಕೆಲಸ ಹಿಡಿದು ಆ ಸುತ್ತಮುತ್ತಲೇ ಕೋಣೆಗಳನ್ನು ಹುಡುಕಿಕೊಂಡರು. ಬ್ರಿಕ್ಸ್‌ಟನ್ ಇಂದು ಕೆರಿಬಿಯನ್ ಮೂಲದವರ ಊರಾಗಿ ಬೆಳೆದಿರುವುದರ ಹಿಂದೆ ಈ ಸುರಂಗದ ವಿಳಾಸವಿದೆ. ನಾನು ಪ್ರತಿ ಶನಿವಾರ ಹಸಿಮೆಣಸಿನಕಾಯಿ, ಬೆಂಡೆಕಾಯಿ ತರುವುದು ಅದೇ ಬ್ರಿಕ್ಸ್‌ಟನ್ ಮಾರುಕಟ್ಟೆಯಿಂದ.

ನಾನು ಈ ದೇಶಕ್ಕೆ ಬಂದ ಮೊದಲ ಹನ್ನೊಂದು ರಾತ್ರಿಗಳನ್ನು ಪರಿಚಯದವರೊಬ್ಬರ ಮನೆಯ ಹಾಲ್‌ನಲ್ಲಿ, ಅವರ ಸೋಫಾದ ಮೇಲೆ ಕಳೆದೆ. ಬೆಳಗಾಗುವ ಮುಂಚೆ ಎದ್ದು ಹೊದಿಕೆ ಮಡಚಿಟ್ಟು, ಯಾರಿಗೂ ಹೊರೆಯಾಗದಂತೆ ಹೊರಗೆ ಹೋಗಿಬಿಡುತ್ತಿದ್ದೆ. ಆ ಮಂಚಗಳ ನಡುವೆ ನಿಂತಾಗ ಆ ಹನ್ನೊಂದು ಬೆಳಗುಗಳು ಒಟ್ಟಿಗೆ ನೆನಪಾದವು. ಮಗಳಿಗೆ ಅದನ್ನು ಹೇಳಿದ್ದು ಅದೇ ಮೊದಲು.

ಆಮೇಲಿನ ಬಳಕೆಗಳನ್ನು ಮಾರ್ಗದರ್ಶಕರು ಬೇಗ ದಾಟಿಸುತ್ತಾರೆ, ಅದು ಸರಿಯೇ. 1951ರ ಬ್ರಿಟನ್ ಉತ್ಸವಕ್ಕೆ ಬಂದವರಿಗೆ ಇದು ಅಗ್ಗದ ವಸತಿಯಾಗಿತ್ತು, ಆಗ ತಂಗಿದ್ದವರು ಗೀಚಿಟ್ಟ ಹೆಸರುಗಳು ಗೋಡೆಗಳ ಮೇಲೆ ಇವೆ. 1953ರಲ್ಲಿ ರಾಣಿ ಎರಡನೆಯ ಎಲಿಜಬೆತ್‌ರ ಪಟ್ಟಾಭಿಷೇಕದ ಸಮಯದಲ್ಲಿ ಸೈನಿಕರು ಇಳಿದುಕೊಂಡರು. 1956ರಲ್ಲಿ ಇಂಥದ್ದೇ ಇನ್ನೊಂದು ತಾಣವಾದ ಗೂಜ್ ಸ್ಟ್ರೀಟ್‌ನಲ್ಲಿ ಬೆಂಕಿ ಬಿದ್ದ ನಂತರ ಈ ಸುರಂಗಗಳಲ್ಲಿ ಜನರನ್ನು ಮಲಗಿಸುವುದು ನಿಂತಿತು; ಮುಂದೆ ಬಹುಕಾಲ ಇಲ್ಲಿದ್ದದ್ದು ಕಡತಗಳು. ಪಕ್ಕದ ಕ್ಲ್ಯಾಪಮ್ ಕಾಮನ್ ತಾಣದಲ್ಲಂತೂ ಕೆಲವು ವರ್ಷ ವಿದ್ಯುದ್ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆದರು.

ವೆಸ್ಟ್‌ಮಿನ್‌ಸ್ಟರ್‌ನಲ್ಲಿರುವ ಚರ್ಚಿಲ್ ವಾರ್ ರೂಮ್ಸ್ ಅನ್ನು ನೋಡಿದವರು ಎರಡನ್ನೂ ಹೋಲಿಸುವುದು ಸಹಜ. 1984ರಲ್ಲಿ ಸಾರ್ವಜನಿಕರಿಗೆ ತೆರೆದ ಆ ನೆಲಮಾಳಿಗೆಯಲ್ಲಿ ಯುದ್ಧವನ್ನು ನಡೆಸಿದವರ ಮೇಜು, ನಕ್ಷೆ, ದೂರವಾಣಿಗಳಿವೆ; ಅದನ್ನು ನೋಡಲೇಬೇಕು. ಕ್ಲ್ಯಾಪಮ್ ಸೌತ್‌ನಲ್ಲಿ ಇರುವುದು ಯುದ್ಧವನ್ನು ಸಹಿಸಿಕೊಂಡವರ ಮಂಚಗಳು ಮಾತ್ರ. ಲಂಡನ್ನಿಗೆ ಬಂದವರಿಗೆ ಒಂದನ್ನೇ ನೋಡಲು ಸಮಯವಿದ್ದರೆ, ಮೆಟ್ಟಿಲು ಹತ್ತುವ ಶಕ್ತಿಯಿದ್ದರೆ, ನಾನು ಇದನ್ನೇ ಹೇಳುತ್ತೇನೆ. ಹಗುರವಾದ ಸ್ವೆಟರ್, ಹಿಡಿತವಿರುವ ಪಾದರಕ್ಷೆ ಇರಲಿ. ಬೆಳೆದ ಮಕ್ಕಳು ಜೊತೆಯಲ್ಲಿದ್ದರೆ ಒಳ್ಳೆಯದು, ಹಿಂತಿರುಗುವಾಗ ಮಾತಾಡಲು ಬಹಳವಿರುತ್ತದೆ.

ನಡೆದೇ ಮನೆಗೆ ಹೋಗಬಹುದಿತ್ತು, ಆದರೆ ಮಗಳು ಟ್ಯೂಬ್‌ನಲ್ಲೇ ಹೋಗೋಣವೆಂದಳು. ಕೆಳಗಿದ್ದಾಗ ನಾರ್ದರ್ನ್ ಲೈನಿನ ರೈಲುಗಳು ನಮ್ಮ ತಲೆಯ ಮೇಲೆ ಹಾದುಹೋಗುವುದನ್ನು ಕೇಳಿದ್ದೆವು. ಈಗ ಆ ರೈಲಿನೊಳಗೆ ಕೂತು ಬ್ಯಾಲಮ್ ಕಡೆಗೆ ಹೊರಟಾಗ, ಅವಳು ಬೂಟಿನ ತುದಿಯಿಂದ ಬೋಗಿಯ ನೆಲವನ್ನು ಮೆಲ್ಲಗೆ ತಟ್ಟಿ, “ಅಪ್ಪಾ, ಈಗ ನಾವು ಜೆಲ್ಲಿಕೋ ಮೇಲಿದ್ದೀವಾ?” ಎಂದು ಕೇಳಿದಳು.